ಎರಡನೇ ವೀಕೆಂಡ್ ಎಷ್ಟು ಬೀಳುತ್ತದೆ? ಸೂಪರ್‌ಹೀರೋ ಸಿನಿಮಾ ಲೆಕ್ಕದಲ್ಲಿ ನನ್ನ ಅನುಭವ

2025ರ ಜುಲೈನಲ್ಲಿ ಎರಡು ವಾರದ ಅಂತರದಲ್ಲಿ ಎರಡು ದೊಡ್ಡ ಸೂಪರ್‌ಹೀರೋ ಸಿನಿಮಾ ಬಂದವು. 11ಕ್ಕೆ 'ಸೂಪರ್‌ಮ್ಯಾನ್', 25ಕ್ಕೆ 'ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್'. ಅಮೆರಿಕದ ಓಪನಿಂಗ್, ಅಂದರೆ ಮೊದಲ ವೀಕೆಂಡ್ ಗಳಿಕೆ, ಮೊದಲನೆಯದಕ್ಕೆ 125 ಮಿಲಿಯನ್ ಡಾಲರ್, ಎರಡನೆಯದಕ್ಕೆ 117 ಚಿಲ್ಲರೆ. ಸಿನಿಮಾಸ್ಕೋರ್, ಅಂದರೆ ಸಿನಿಮಾ ನೋಡಿ ಹೊರಬರುವ ಜನ ಕೊಡುವ ಗ್ರೇಡ್, ಎರಡಕ್ಕೂ ಎ ಮೈನಸ್. ವಿಮರ್ಶೆಗಳೂ ಎರಡಕ್ಕೂ ಚೆನ್ನಾಗಿಯೇ ಇದ್ದವು. ಸೂಪರ್‌ಮ್ಯಾನ್ ಎರಡನೇ ವೀಕೆಂಡ್‌ಗೆ 53 ಪರ್ಸೆಂಟ್ ಬಿದ್ದಿತ್ತು, ಅಂದರೆ ಮೊದಲ ವೀಕೆಂಡ್‌ಗಿಂತ ಅಷ್ಟು ಕಮ್ಮಿ ಗಳಿಸಿತ್ತು. ಹಾಗಾಗಿ ಫೆಂಟಾಸ್ಟಿಕ್ ಫೋರ್ ಕೂಡ ಅಲ್ಲೇ ಎಲ್ಲೋ ನಿಲ್ಲುತ್ತದೆ ಅಂತ ಸಿನಿಮಾ ಗಳಿಕೆ ಅಂದಾಜು ಮಾಡುವ ನಮ್ಮ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಬರೆದರು. ನಾನು ಅರವತ್ತು ದಾಟುತ್ತದೆ ಅಂತ ಬರೆದೆ. ಬಿದ್ದದ್ದು 66.

ಆ ಗುಂಪಿನಲ್ಲಿ ನನ್ನ ಲೆಕ್ಕಕ್ಕೆ ಇದ್ದ ಹೆಸರು ಗಿಣಿ ಶಾಸ್ತ್ರ. ಈಗ ಅದೇ ಜನ ಶೀಟ್ ಕಳಿಸು ಅಂತ ಬೆನ್ನು ಬಿದ್ದಿದ್ದಾರೆ. ಶೀಟ್ ಕಳಿಸುವುದಿಲ್ಲ. ಹೇಗೆ ಮಾಡಿದೆ ಅನ್ನುವುದನ್ನು ಮಾತ್ರ ಬರೆಯುತ್ತೇನೆ.  ಅಂಕಿಗಳೆಲ್ಲ ನೆನಪಿನಿಂದ ಬರೆದದ್ದು, ಒಂದೆರಡು ಆಚೀಚೆ ಇದ್ದರೆ ಜಗಳಕ್ಕೆ ಬರಬೇಡಿ.

ಮೊದಲು ಏನೇನು ಕೆಲಸ ಮಾಡಲಿಲ್ಲ ಅನ್ನುವುದು. ಎಲ್ಲರ ಹಾಗೆ ನಾನೂ ವಿಮರ್ಶಕರ ಅಂಕದಿಂದ ಶುರು ಮಾಡಿದ್ದೆ. 2016ರ 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್'ಗೆ ವಿಮರ್ಶೆಗಳನ್ನು ಒಟ್ಟುಗೂಡಿಸಿ ನೂರಕ್ಕೆ ಅಂಕ ಕೊಡುವ ರಾಟನ್ ಟೊಮ್ಯಾಟೋಸ್‌ನಲ್ಲಿ 30ರ ಆಸುಪಾಸು. 2018ರ 'ವೆನಮ್'ಗೂ ಅಷ್ಟೇ. ಮೊದಲನೆಯದು ಅಮೆರಿಕದಲ್ಲಿ 166 ಮಿಲಿಯನ್‌ಗೆ ಓಪನ್ ಆಗಿ, ಮುಂದಿನ ವಾರ 69 ಪರ್ಸೆಂಟ್ ಬಿದ್ದು, ಕೊನೆಗೆ 330ಕ್ಕೆ ಮುಗಿಯಿತು. ಅಂದರೆ ಓಪನಿಂಗ್‌ನ ಎರಡರಷ್ಟೂ ಆಗಲಿಲ್ಲ. ವೆನಮ್ 80ಕ್ಕೆ ಶುರುವಾಗಿ 213ಕ್ಕೆ ಹೋಯಿತು, ಪ್ರಪಂಚದಾದ್ಯಂತ 850 ದಾಟಿತು. ಒಂದೇ ಅಂಕ, ಎರಡು ಹಣೆಬರಹ. ಅಲ್ಲಿಗೆ ಆ ದಾರಿ ಬಿಟ್ಟೆ. ಟ್ರೇಲರ್ ವ್ಯೂಗಳನ್ನೂ ಬಿಟ್ಟೆ. ಅವು ಓಪನಿಂಗ್ ಬಗ್ಗೆ ಸ್ವಲ್ಪ ಹೇಳುತ್ತವೆ, ಅದರ ಆಚೆಗೆ ಏನೂ ಇಲ್ಲ.

ಆಮೇಲೆ ದುಡ್ಡು ಕೊಟ್ಟು ಒಂದು ಟೂಲ್ ತೆಗೆದುಕೊಂಡೆ. ಜನ ಆನ್‌ಲೈನ್‌ನಲ್ಲಿ ಬರೆದದ್ದನ್ನೆಲ್ಲ ಓದಿ ಇಷ್ಟು ಹೊಗಳಿಕೆ, ಇಷ್ಟು ಬೈಗುಳ ಅಂತ ವಿಂಗಡಿಸಿ ಕೊಡುವಂಥದ್ದು. ತಿಂಗಳ ಬಾಡಿಗೆ ಅಂದರೆ ಬಾಡಿಗೆ, ನಾನು ಸಿನಿಮಾ ಟಿಕೆಟ್‌ಗೆ ಒಂದು ವರ್ಷ ಖರ್ಚು ಮಾಡುವುದಕ್ಕಿಂತ ಜಾಸ್ತಿ ಅದಕ್ಕೆ ಸುರಿದೆ. 2022ರ ಏಪ್ರಿಲ್‌ನಲ್ಲಿ 'ಮೋರ್ಬಿಯಸ್' ಬಂತು. 39 ಮಿಲಿಯನ್ ಓಪನಿಂಗ್, ಎರಡನೇ ವಾರ 74 ಪರ್ಸೆಂಟ್ ಇಳಿತ, ಮಕಾಡೆ ಮಲಗಿತು. ಅಷ್ಟರಲ್ಲಿ ಜನ ತಮಾಷೆಗೆ ಅದನ್ನು ಇತಿಹಾಸದ ಅತ್ಯುತ್ತಮ ಸಿನಿಮಾ ಅಂತ ಹೊಗಳುವುದಕ್ಕೆ ಶುರು ಮಾಡಿದರು. ನನ್ನ ಟೂಲ್ ಅದನ್ನೆಲ್ಲ ನಿಜವಾದ ಹೊಗಳಿಕೆ ಅಂತ ಎಣಿಸಿ ಹಸಿರು ಬಣ್ಣದ ಗ್ರಾಫ್ ಕೊಟ್ಟಿತು! ಇದರಲ್ಲಿ ನನಗಿದ್ದ ಸಮಾಧಾನ ಒಂದೇ. ಸ್ಟುಡಿಯೋ ಕೂಡ ಜೂನ್‌ನಲ್ಲಿ ಸಿನಿಮಾವನ್ನು ಮತ್ತೆ ಸಾವಿರದಷ್ಟು ಥಿಯೇಟರ್‌ಗಳಿಗೆ ಹಾಕಿತು. ಬಂದದ್ದು ಸುಮಾರು 3 ಲಕ್ಷ ಡಾಲರ್, ಒಂದು ಥಿಯೇಟರ್‌ಗೆ ಮುನ್ನೂರರ ಲೆಕ್ಕ. ಗೇಲಿ ಮಾಡುವವರು ಟಿಕೆಟ್ ತೆಗೆದುಕೊಳ್ಳುವುದಿಲ್ಲ. ಟೂಲ್ ಆ ತಿಂಗಳೇ ನಿಲ್ಲಿಸಿದೆ.

ಟೂಲ್ ಬಿಟ್ಟ ಮೇಲೆ ಕೈಯಲ್ಲೇ ಓದುವುದಕ್ಕೆ ಶುರು ಮಾಡಿದೆ. ಪ್ರಿವ್ಯೂ ರಾತ್ರಿಯಿಂದ, ಅಂದರೆ ಬಿಡುಗಡೆಯ ಹಿಂದಿನ ರಾತ್ರಿಯ ಶೋಗಳಿಂದ, ಶನಿವಾರ ರಾತ್ರಿವರೆಗೆ, ಸಿನಿಮಾ ನೋಡಿಕೊಂಡು ಬಂದ ಫ್ಯಾನ್‌ಗಳು ಬರೆದದ್ದು, ಕೆಲವು ನೂರು ಪೋಸ್ಟ್. ಹೊಗಳಿದ್ದಾರಾ ಬೈದಿದ್ದಾರಾ ಅಂತ ಮೊದಲು ನೋಡುವುದಿಲ್ಲ. ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಅಂತ ನೋಡುತ್ತೇನೆ. ಮೂರು ಕಾಲಂ. ವೇಷ, ನಟ, ಗ್ರಾಫಿಕ್ಸ್, ಬಣ್ಣದ ಬಗ್ಗೆ ಇದ್ದರೆ 'ಕಾಣ್ತಾನಾ'. ಹೀರೋ ಮಾಡಿದ ಒಂದು ಕೆಲಸದ ಬಗ್ಗೆ ಇದ್ದರೆ, ಇವನು ಹೀಗೆ ಮಾಡುವವನಾ ಅಲ್ವಾ ಅನ್ನುವ ಜಗಳ ಇದ್ದರೆ 'ಮಾಡ್ತಾನಾ'. ಕೊನೆಯ ಸೀನಿನಲ್ಲಿ ಯಾರು ಬಂದರು, ಮುಂದಿನ ಸಿನಿಮಾ ಯಾವುದು, ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ಇದ್ದರೆ 'ಮುಂದೇನು'. 'ಮಾಡ್ತಾನಾ' ಅರ್ಧಕ್ಕಿಂತ ಮೇಲಿದ್ದು, ಜಗಳ ಎರಡೂ ಕಡೆಯಿಂದ ಇದ್ದರೆ ಸಿನಿಮಾ ನಿಲ್ಲುತ್ತದೆ. ಎಲ್ಲರೂ ಒಂದೇ ಕಡೆ ನಿಂತು 'ಇವನು ಹೀಗೆ ಮಾಡುವವನೇ ಅಲ್ಲ' ಅಂದರೆ ಬೀಳುತ್ತದೆ. ಬ್ಯಾಟ್‌ಮ್ಯಾನ್ ಕೊಲ್ಲುವುದಿಲ್ಲ ಅಂತ ನಂಬಿಕೊಂಡವರ ಎದುರು ಅವನ ಗಾಡಿಯಿಂದಲೇ ಜನರನ್ನು ಸಾಯಿಸಿದ ಮೇಲೆ ಆ 69 ಪರ್ಸೆಂಟ್ ಬಂದದ್ದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ.

'ಕಾಣ್ತಾನಾ' ಕಾಲಂ ಸುಮ್ನೆ ಗದ್ದಲ. ಇದನ್ನು ಒಪ್ಪಿಸುವುದೇ ನನಗೆ ಕಷ್ಟವಾದದ್ದು. ನಟನನ್ನು ಆರಿಸಿದಾಗ ಏಳುವ ಕೂಗಿನಿಂದ ಏನಾದರೂ ಸಿಗುತ್ತದಾ ಅಂತ ಹಳೆಯದನ್ನೆಲ್ಲ ಕೆದಕಿ ನೋಡಿದೆ. 1989ರ 'ಬ್ಯಾಟ್‌ಮ್ಯಾನ್'ಗೆ ಮೈಕೆಲ್ ಕೀಟನ್ ಬೇಡ ಅಂತ ಸ್ಟುಡಿಯೋಗೆ 50,000 ಪತ್ರಗಳು ಹೋಗಿದ್ದವಂತೆ, ಸಿನಿಮಾ 400 ಮಿಲಿಯನ್ ದಾಟಿತು. ಹೀತ್ ಲೆಜರ್ ಜೋಕರ್ ಅಂದಾಗಲೂ ಅದೇ ಕೂಗು, ಆಮೇಲೆ ಅವರಿಗೆ ಆಸ್ಕರ್. ಕಾಮಿಕ್ಸ್‌ನ ವುಲ್ವರಿನ್ ಐದಡಿ ಮೂರಿಂಚಿನ ಕುಳ್ಳ, ಹ್ಯೂ ಜಾಕ್‌ಮನ್ ಆರಡಿಗಿಂತ ಎತ್ತರ. ಇಪ್ಪತ್ತು ವರ್ಷ ದಾಟಿದರೂ ಯಾರೂ ಅವರನ್ನು ಬಿಡುವುದಕ್ಕೆ ತಯಾರಿಲ್ಲ. ಎತ್ತರ ಹೆಚ್ಚಾದರೂ ಸಿಟ್ಟು ಅವನದ್ದೇ ಆಗಿತ್ತು, ಅಷ್ಟು ಸಾಕಾಯಿತು.

ಒಂದು ಕಡೆ ಮಾತ್ರ ಕಾಲಂ ಹಾಕುವುದಕ್ಕೆ ಕಷ್ಟ. 2009ರ 'ಎಕ್ಸ್-ಮೆನ್ ಒರಿಜಿನ್ಸ್: ವುಲ್ವರಿನ್'ನಲ್ಲಿ ಡೆಡ್‌ಪೂಲ್ ಬಾಯಿ ಹೊಲಿದುಬಿಟ್ಟಿದ್ದರು. ನೋಡುವುದಕ್ಕೆ ಇದು ವೇಷದ ದೂರು. ಆದರೆ ಆ ಪಾತ್ರದ ಬಂಡವಾಳವೇ ಬಾಯಿ, ಹಾಗಾಗಿ ಇದನ್ನು 'ಮಾಡ್ತಾನಾ'ಗೆ ಹಾಕಬೇಕು. ಅದೇ ನಟ, ಅದೇ ಪಾತ್ರ, ಬಾಯಿ ಬಿಚ್ಚಿ 2016ರಲ್ಲಿ 58 ಮಿಲಿಯನ್ ಬಜೆಟ್‌ನಲ್ಲಿ ಮಾಡಿದಾಗ 780 ಬಂತು. ಇಂಥ ಪೋಸ್ಟ್‌ಗಳನ್ನು ಯಾವ ಕಡೆಗೆ ತಳ್ಳಬೇಕು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಪ್ರಶ್ನೆ ಇದೆ, ಅದನ್ನು ಕೇಳಿಕೊಂಡರೆ ತಕ್ಷಣ ಗೊತ್ತಾಗುತ್ತದೆ. ಅದು ನನ್ನ ಹತ್ತಿರವೇ ಇರಲಿ.

ಲೆಕ್ಕ ಮೊದಲ ಸಲ ಸರಿಯಾಗಿ ಕುದುರಿದ್ದು 2023ರಲ್ಲಿ. ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಫೆಬ್ರವರಿಯಲ್ಲಿ ಮೂರನೇ ಆಂಟ್-ಮ್ಯಾನ್, 'ಕ್ವಾಂಟಮೇನಿಯಾ'. ಮೇನಲ್ಲಿ ಮೂರನೇ ಗಾರ್ಡಿಯನ್ಸ್. ಒಂದೇ ಸ್ಟುಡಿಯೋ, ಎರಡೂ ಮೂರನೇ ಭಾಗ, ಗುರುವಾರದ ಪ್ರಿವ್ಯೂ ಎರಡಕ್ಕೂ ಹದಿನೇಳೂವರೆ ಮಿಲಿಯನ್. ಓಪನಿಂಗ್ 106 ಮತ್ತು 118. ಆಂಟ್-ಮ್ಯಾನ್ ನೋಡಿಬಂದವರು ಬರೆದದ್ದರಲ್ಲಿ ಆಂಟ್-ಮ್ಯಾನ್ ಹೆಸರೇ ಕಮ್ಮಿ. ಎಲ್ಲ ವಿಲನ್ ಕ್ಯಾಂಗ್ ಬಗ್ಗೆ, ಮುಂದಿನ ಅವೆಂಜರ್ಸ್ ಬಗ್ಗೆ. ನನ್ನ 'ಮುಂದೇನು' ಅಷ್ಟು ತುಂಬಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. 70 ಪರ್ಸೆಂಟ್ ಬಿತ್ತು. ಗಾರ್ಡಿಯನ್ಸ್‌ಗೆ ಬಂದರೆ, ಗುಂಪಿನಲ್ಲಿರುವ ರಕೂನ್ ರಾಕೆಟ್ ತನಗೆ ಹಿಂಸೆ ಕೊಟ್ಟವನನ್ನು ಸಾಯಿಸದೆ ಬಿಟ್ಟದ್ದು ಸರಿಯಾ ತಪ್ಪಾ ಅನ್ನುವುದೇ ಮಾತು. ಎರಡೂ ಕಡೆಯವರು ಉದ್ದುದ್ದ ಬರೆದಿದ್ದರು. 48 ಪರ್ಸೆಂಟ್ ಅಷ್ಟೇ ಬಿತ್ತು, ಕೊನೆಗೆ ಆಂಟ್-ಮ್ಯಾನ್ ಅಮೆರಿಕದಲ್ಲಿ 214, ಗಾರ್ಡಿಯನ್ಸ್ 358. ಗಾರ್ಡಿಯನ್ಸ್ ಓಪನಿಂಗ್ ಅದರದ್ದೇ ಎರಡನೇ ಭಾಗದ 146ಕ್ಕಿಂತ ಕಮ್ಮಿ ಬಂದದ್ದನ್ನು ನೋಡಿ 'ಜನಕ್ಕೆ ಸೂಪರ್‌ಹೀರೋ ಸಾಕಾಗಿದೆ' ಅಂತ ಬರೆದವರೆಲ್ಲ ಎರಡನೇ ಭಾನುವಾರ ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕಾ.

ಅದೇ ಜೂನ್‌ನಲ್ಲಿ 'ದಿ ಫ್ಲ್ಯಾಶ್'. ಬಿಡುಗಡೆಗೆ ಮೊದಲೇ ಏಪ್ರಿಲ್‌ನಲ್ಲಿ ಥಿಯೇಟರ್ ಮಾಲೀಕರ ಸಮಾವೇಶವಾದ ಸಿನಿಮಾಕಾನ್‌ನಲ್ಲಿ ತೋರಿಸಿ, ದೊಡ್ಡ ದೊಡ್ಡವರಿಂದ ಹೊಗಳಿಸಿದ್ದರು. ಗುಂಪಿನಲ್ಲಿ ನೂರು ಮಿಲಿಯನ್ ಓಪನಿಂಗ್ ಅಂದವರಿದ್ದರು. ನನಗೂ ಓಪನಿಂಗ್ ಗೊತ್ತಿರಲಿಲ್ಲ, ಆದರೆ ಮೊದಲ ರಾತ್ರಿಯ ಪೋಸ್ಟ್‌ಗಳಲ್ಲಿ ಫ್ಲ್ಯಾಶ್ ಮಾಡಿದ ಒಂದು ಕೆಲಸವನ್ನೂ ಯಾರೂ ಎತ್ತಲಿಲ್ಲ. ಗ್ರಾಫಿಕ್ಸ್‌ನಲ್ಲಿ ಮಾಡಿದ ಮಕ್ಕಳು, ಹಳೆಯ ಬ್ಯಾಟ್‌ಮ್ಯಾನ್, ಯಾರ್ಯಾರು ತಲೆ ತೋರಿಸಿ ಹೋದರು, ಬರೀ ಇಷ್ಟೇ. 55ಕ್ಕೆ ಓಪನ್ ಆಗಿ 72 ಪರ್ಸೆಂಟ್ ಬಿತ್ತು. ನವೆಂಬರ್‌ನ 'ದಿ ಮಾರ್ವೆಲ್ಸ್' ಇನ್ನೂ ಕಡೆ. ಇದಕ್ಕೆ ಮೊದಲು ಯಾವ ಸೀರೀಸ್ ನೋಡಿರಬೇಕು ಅನ್ನುವ ಪ್ರಶ್ನೆಗಳೇ ಎಲ್ಲ ಕಡೆ. ಅದನ್ನೂ 'ಮುಂದೇನು'ವಿಗೇ ಹಾಕಿದೆ, ಹಿಂದೇನು ಆದರೂ ರೋಗ ಒಂದೇ. 46 ಮಿಲಿಯನ್, ಆಮೇಲೆ 78 ಪರ್ಸೆಂಟ್ ಇಳಿತ.

ದುಡ್ಡಿನ ವಿಷಯ ಸ್ವಲ್ಪ. ಫ್ಯಾನ್ಸ್ ಕೈಬಿಟ್ಟರು ಅಂತ ಸ್ಟುಡಿಯೋದವರು ಅಳುವಾಗ ಬಜೆಟ್ ಕಡೆಗೂ ಒಮ್ಮೆ ನೋಡಿ. ಥಿಯೇಟರ್‌ನಿಂದ ಬಂದದ್ದರಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಅವರ ಕೈಗೆ ಬರುತ್ತದೆ. ಪ್ರಚಾರದ ಖರ್ಚು ಸೇರಿಸಿದರೆ ಬಜೆಟ್‌ನ ಎರಡೂವರೆಯಷ್ಟು ಬರಬೇಕು ಅನ್ನುವ ಹಳೆಯ ಲೆಕ್ಕ ಈಗಲೂ ನಡೆಯುತ್ತದೆ. ಕ್ವಾಂಟಮೇನಿಯಾ 476 ಮಿಲಿಯನ್ ಮಾಡಿಯೂ ಸೋತ ಸಿನಿಮಾ, ಯಾಕೆಂದರೆ ಬಜೆಟ್ಟೇ 200ರ ಮೇಲೆ. 2019ರ 'ಜೋಕರ್' ಅರವತ್ತರ ಸುಮಾರಿನ ಬಜೆಟ್‌ನಲ್ಲಿ ಒಂದು ಬಿಲಿಯನ್ ದಾಟಿತು. ಐದು ವರ್ಷದ ನಂತರ ಎರಡನೇ ಭಾಗಕ್ಕೆ 190ರಿಂದ 200 ಖರ್ಚು ಮಾಡಿ ಪ್ರಪಂಚದಿಂದೆಲ್ಲ ತಂದದ್ದು ಬರೀ 207. ಸಿನಿಮಾಸ್ಕೋರ್ ಡಿ, ಎರಡನೇ ವಾರ 81 ಪರ್ಸೆಂಟ್ ತೋಪು. ಹಾಡು ಹಾಕಿದ್ದಕ್ಕೆ ಹೀಗಾಯಿತು ಅಂತ ತುಂಬಾ ಜನ ಹೇಳಿದರು. ನನ್ನ ಕಾಲಂ ಹಾಗೆ ಹೇಳಲಿಲ್ಲ. ಮೊದಲ ಭಾಗದಲ್ಲಿ ಜೋಕರ್ ಆದ ಆರ್ಥರ್ ಮಾಡಿದ್ದನ್ನು ಮೆಚ್ಚಿದವರನ್ನೇ ಎರಡನೇ ಭಾಗ ಕಟಕಟೆಗೆ ನಿಲ್ಲಿಸಿ ಬೈಯಿತು, ಕೊನೆಗೆ ಅವನ ಬಾಯಲ್ಲೇ 'ಜೋಕರ್ ಅಂತ ಯಾರೂ ಇಲ್ಲ' ಅನ್ನಿಸಿತು. ಟಿಕೆಟ್ ತೆಗೆದುಕೊಂಡು ಬೈಸಿಕೊಳ್ಳುವುದಕ್ಕೆ ಯಾರು ಎರಡನೇ ಸಲ ಹೋಗುತ್ತಾರೆ?

ನೀವೇ ಮಾಡಿ ನೋಡುವುದಾದರೆ ಒಂದೆರಡು ಮಾತು. ಒಂದೇ ಕಂಪನಿಯ ಪರ ಕೂಗುವ ಅಕೌಂಟ್‌ಗಳನ್ನು ಪೂರ್ತಿ ತೆಗೆದುಹಾಕಿ, ಅವರು ಸಿನಿಮಾ ನೋಡದೆಯೂ ಅದನ್ನೇ ಬರೆಯುತ್ತಿದ್ದರು. ಮೀಮ್ ಮಾತ್ರ ಇರುವ ಪೋಸ್ಟ್ ಬೇಡ. ಡಿಸೆಂಬರ್ ಸಿನಿಮಾಗಳನ್ನು ಬೇರೆ ಶೀಟ್‌ನಲ್ಲಿ ಇಡಿ. 2018ರ 'ಸ್ಪೈಡರ್-ವರ್ಸ್' 35ಕ್ಕೆ ಓಪನ್ ಆಗಿ 190ಕ್ಕೆ ಹೋಯಿತು, ಐದು ಪಟ್ಟು. ಸಿನಿಮಾ ಚೆನ್ನಾಗಿತ್ತು ನಿಜ, ಆದರೆ ಅದರಲ್ಲಿ ಕ್ರಿಸ್‌ಮಸ್ ರಜೆಯ ಪಾಲು ಎಷ್ಟು ಅನ್ನುವುದನ್ನು ಕಳೆಯದೆ ಉಳಿದವುಗಳ ಪಕ್ಕ ಇಟ್ಟರೆ ಲೆಕ್ಕ ಕೆಡುತ್ತದೆ. ಸಿಟ್ಟಿನಿಂದ ಉದ್ದ ಬರೆದವರಿಗೆ ಮತ್ತು ಒಂದೇ ಸಾಲು ಹೊಗಳಿದವರಿಗೆ ಒಂದೇ ತೂಕ ಕೊಡಬೇಡಿ. ನಾನು ಯಾರಿಗೆ ಎಷ್ಟು ಕೊಡುತ್ತೇನೆ ಅಂತ ಕೇಳಬೇಡಿ.

ಮತ್ತೆ ಜುಲೈಗೆ. ಸೂಪರ್‌ಮ್ಯಾನ್ ನೋಡಿದವರು ಜಗಳವಾಡಿದ್ದು ಅಳಿಲಿನ ಬಗ್ಗೆ. ಊರು ಒಡೆದು ಬೀಳುತ್ತಿರುವಾಗ ಅವನು ಒಂದು ಅಳಿಲನ್ನು ಎತ್ತಿ ಪಕ್ಕಕ್ಕೆ ಇಡುತ್ತಾನೆ. ಅತಿಯಾಯಿತು ಅಂದವರು ಅರ್ಧ, ಅದೇ ಸೂಪರ್‌ಮ್ಯಾನ್ ಅಂದವರು ಅರ್ಧ. ಪಕ್ಕಾ 'ಮಾಡ್ತಾನಾ'. ಫೆಂಟಾಸ್ಟಿಕ್ ಫೋರ್‌ಗೆ ಬಂದದ್ದೆಲ್ಲ ಹೊಗಳಿಕೆಯೇ, ಬೈಗುಳ ತೀರಾ ಕಮ್ಮಿ. ಆದರೆ ಹೊಗಳಿದ್ದು ಅರವತ್ತರ ದಶಕದ ಸೆಟ್, ಬಟ್ಟೆ, ಸಂಗೀತ, ಭೂಮಿಯನ್ನೇ ನುಂಗುವುದಕ್ಕೆ ಬರುವ ವಿಲನ್ ಗ್ಯಾಲಕ್ಟಸ್‌ನ ಗಾತ್ರ. ಭೂಮಿ ಉಳಿಸುವುದಕ್ಕೆ ಮಗುವನ್ನು ಅವನಿಗೆ ಕೊಡಬೇಕಾ ಬೇಡವಾ ಅನ್ನುವ ದೊಡ್ಡ ಪ್ರಶ್ನೆ ಸಿನಿಮಾದ ಒಳಗೇ ಇತ್ತು, ಅದನ್ನು ಎತ್ತಿಕೊಂಡು ಜಗಳವಾಡಿದವರು ಕೈಬೆರಳಲ್ಲಿ ಎಣಿಸುವಷ್ಟು. ಆ ಶನಿವಾರ ರಾತ್ರಿಯೇ ಅರವತ್ತರ ಮೇಲೆ ಅಂತ ಬರೆದು ಮಲಗಿದೆ.

'ಥಂಡರ್‌ಬೋಲ್ಟ್ಸ್' ಮಾತ್ರ ನನ್ನ ಶೀಟ್‌ನಲ್ಲಿ ಇನ್ನೂ ಸರಿಯಾಗಿ ಕೂತಿಲ್ಲ. 2025ರ ಮೇನಲ್ಲಿ ಬಂದದ್ದು. ಮೊದಲೆರಡು ದಿನ, ಕೊನೆಗೆ ವಿಲನ್ ಆಗುವ ಬಾಬ್‌ನನ್ನು ಹೊಡೆಯದೆ ತಬ್ಬಿಕೊಂಡು ನಿಲ್ಲಿಸಿದ್ದರ ಬಗ್ಗೆ ಒಳ್ಳೆಯ ಮಾತು ನಡೆದಿತ್ತು, ಸಿನಿಮಾಸ್ಕೋರ್ ಕೂಡ ಎ ಮೈನಸ್. ಆದರೂ ಓಪನಿಂಗ್ 74, ಪ್ರಪಂಚದಲ್ಲಿ 382ಕ್ಕೆ ಮುಗಿಯಿತು. ಒಳಗೆ ಬಂದವರಿಗೆ ಹಿಡಿಸಿತು, ಆದರೆ ಬಂದವರೇ ಕಮ್ಮಿ. ಓಪನಿಂಗ್ ಹೇಳುವುದಕ್ಕೆ ನನ್ನ ಕಾಲಂಗಳು ಬರುವುದಿಲ್ಲ ಅನ್ನುವುದು ಅಲ್ಲಿ ಇನ್ನೊಮ್ಮೆ ಕಂಡಿತು. ಸಾಲದ್ದಕ್ಕೆ ಓಪನಿಂಗ್ ವೀಕೆಂಡ್ ಮುಗಿಯುತ್ತಿದ್ದ ಹಾಗೆ ಸ್ಟುಡಿಯೋದವರೇ ಪೋಸ್ಟರ್‌ಗಳಲ್ಲಿ ಹೆಸರನ್ನು 'ನ್ಯೂ ಅವೆಂಜರ್ಸ್' ಅಂತ ಬದಲಾಯಿಸಿದರು. ಸೋಮವಾರದಿಂದ ಎಲ್ಲ ಮಾತು 'ಮುಂದೇನು'ವಿಗೆ ಜಾರಿತು. 56ರ ಹತ್ತಿರ ಬಿತ್ತು. ಅದರಲ್ಲಿ ಪೋಸ್ಟರ್‌ನ ಪಾಲೆಷ್ಟು, ಸಿನಿಮಾದ ಪಾಲೆಷ್ಟು ಅಂತ ಬಿಡಿಸುವುದಕ್ಕೆ ಆಗುತ್ತಿಲ್ಲ. ಸದ್ಯಕ್ಕೆ ಆ ಸಾಲಿಗೆ ಹಳದಿ ಬಣ್ಣ ಹಚ್ಚಿ ಪಕ್ಕಕ್ಕೆ ಇಟ್ಟಿದ್ದೇನೆ.