ಕಮಾಂಡಿಗೆ ಹೆಸರಿಡುವ ಮೊದಲು ನಾನು ನೋಡುವುದು

ಸ್ವತಂತ್ರ ತಂತ್ರಾಂಶದವರಿಗೆ ಹೆಸರಿನಲ್ಲೇ ತಮಾಷೆ ಮಾಡುವ ಚಟ ಹಳೆಯದು. ‘ಗ್ನೂ ಯುನಿಕ್ಸ್ ಅಲ್ಲ’ ಎಂದು ತನ್ನೊಳಗೇ ಸುತ್ತುವ ಹೆಸರಿನ ಗ್ನೂ ಯೋಜನೆ 1983ರದ್ದು. ಪಠ್ಯವನ್ನು ಪುಟ ಪುಟವಾಗಿ ತೋರಿಸುವ ‘ಮೋರ್’ ಇದ್ದಲ್ಲಿಗೆ ‘ಲೆಸ್’ ಬಂತು, ಪಾರ್ಸರ್ ಬರೆದುಕೊಡುವ ‘ಯಾಕ್’ ಇದ್ದಲ್ಲಿಗೆ ಇನ್ನೊಂದು ಪ್ರಾಣಿಯ ಹೆಸರಿನ ‘ಬೈಸನ್’. ಚೆಂದವೇ. ಆದರೂ ರೆಪೊ (ಕೋಡ್ ಇಡುವ ಜಾಗ) ತೆರೆಯುವ ಮುಂಚೆ ಆ ಕಮಾಂಡ್ ಬೇರೆ ಯಾರದ್ದಾದರೂ ಆಗಿದೆಯಾ ಅಂತ ನೋಡಿಕೊಳ್ಳುತ್ತೇನೆ.

ಇದಕ್ಕೆ ಶೆಲ್‌ನ ‘ಟೈಪ್ -ಎ’ ಕಮಾಂಡ್ ಸಾಲದು, ನಮ್ಮ ಮಶೀನಿನಲ್ಲಿ ಇರುವುದಷ್ಟೇ ಕಾಣುತ್ತದೆ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಯಾವ ಫೈಲ್ ಯಾವ ಪ್ಯಾಕೇಜಿನದ್ದೆಂದು ಹುಡುಕಲು ‘ಆಪ್ಟ್-ಫೈಲ್ ಅಪ್‌ಡೇಟ್’ ಕೊಟ್ಟು, ಆಮೇಲೆ ‘ಆಪ್ಟ್-ಫೈಲ್ ಸರ್ಚ್ -ಎಕ್ಸ್’ಗೆ ‘ಬಿನ್/ಹೆಸರು’ ಬರೆದು ಹೆಸರು ಅಲ್ಲಿಗೇ ಮುಗಿಯಿತು ಎನ್ನಲು ಕೊನೆಗೊಂದು ಡಾಲರ್ ಚಿಹ್ನೆ ಹಾಕುತ್ತೇನೆ. ಡಾಲರ್ ಬಿಟ್ಟರೆ ‘ಎಫ್‌ಡಿ’ ಕೇಳಿದ್ದಕ್ಕೆ ‘ಎಫ್‌ಡಿಸ್ಕ್’ ಕೂಡ ಬರುತ್ತದೆ. ಬೇರೆ ಬೇರೆ ಕೆಲಸದ ಎರಡು ಪ್ರೋಗ್ರಾಂ ಒಂದೇ ಹೆಸರಿನಲ್ಲಿರಲು ಡೆಬಿಯನ್ ನಿಯಮ ಬಿಡುವುದಿಲ್ಲ. ಒಬ್ಬರು ಬದಲಿಸಬೇಕು, ಒಮ್ಮತವಾಗದಿದ್ದರೆ ಇಬ್ಬರೂ. ಅಲ್ಲಿ ‘ಎಫ್‌ಡಿ’ ಹೋಗಿ ‘ಎಫ್‌ಡಿಫೈಂಡ್’, ‘ಬ್ಯಾಟ್’ ಹೋಗಿ ‘ಬ್ಯಾಟ್‌ಕ್ಯಾಟ್’ ಆಗಿದ್ದು ಹೀಗೆ. ‘ನೋಡ್’ ಹೆಸರಿಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್‌ಗೂ ಹವ್ಯಾಸಿ ರೇಡಿಯೊದವರ ಪ್ರೋಗ್ರಾಂಗೂ 2012ರಲ್ಲಿ ಜಗ್ಗಾಟವಾಗಿ, ಮುಂದೆ ಕೆಲವು ವರ್ಷ ಅಲ್ಲಿ ‘ನೋಡ್‌ಜೆಎಸ್’ ಎಂದೇ ಟೈಪಿಸಬೇಕಿತ್ತು. ಮೊದಲ ಸಾಲಿನಲ್ಲಿ ‘ನೋಡ್’ ಎಂದು ಕರೆಯುವ ಸ್ಕ್ರಿಪ್ಟ್ ಓಡಬೇಕಾದರೆ ಇನ್ನೊಂದು ಪ್ಯಾಕೇಜ್ ಹಾಕಿಕೊಳ್ಳಬೇಕಿತ್ತು.

ಡೆಬಿಯನ್ ಪ್ಯಾಕೇಜ್ ಹೆಸರಿನಲ್ಲಿ ಸಣ್ಣಕ್ಷರ, ಅಂಕಿ, ಪ್ಲಸ್, ಹೈಫನ್, ಚುಕ್ಕೆ ಮಾತ್ರ ನಡೆಯುತ್ತವೆ, ಕನಿಷ್ಠ 2 ಅಕ್ಷರ ಇರಬೇಕು. ನಾನು ಹೈಫನ್ನೂ ಹಾಕುವುದಿಲ್ಲ, ಅಂಕಿಯಿಂದ ಶುರುವೂ ಮಾಡುವುದಿಲ್ಲ. ಪೈಥಾನ್ ಮಾಡ್ಯೂಲಿಗೂ ಶೆಲ್ ವೇರಿಯಬಲ್ಲಿಗೂ ಅವು ಆಗಿಬರುವುದಿಲ್ಲ. ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐನಲ್ಲಿ ಹೈಫನ್, ಅಂಡರ್‌ಸ್ಕೋರ್, ಚುಕ್ಕೆ ಮೂರೂ ಒಂದೇ ಲೆಕ್ಕ. ಚಿಹ್ನೆ ಬದಲಿಸಿದರೆ ಬೇರೆಯವರ ಹೆಸರು ನಮ್ಮದಾಗುವುದಿಲ್ಲ.

ಕನ್ನಡ ಪದ ಇಡುವುದಾದರೆ ಇನ್ನೊಂದು ತೊಡಕು. ‘ಬರಹ’ ತಂತ್ರಾಂಶದ ಇಂಗ್ಲಿಷ್ ಅಕ್ಷರಗಳ ಲಿಪ್ಯಂತರದಲ್ಲಿ ‘ಳ’ಕ್ಕೆ ದೊಡ್ಡ ಎಲ್, ‘ಣ’ಕ್ಕೆ ದೊಡ್ಡ ಎನ್. ಪ್ಯಾಕೇಜ್ ಹೆಸರಿನಲ್ಲಿ ದೊಡ್ಡಕ್ಷರಕ್ಕೆ ಜಾಗವೇ ಇಲ್ಲ. ‘ಎ’ ಎರಡು ಸಲ ಹಾಕಿ ದೀರ್ಘ ತೋರಿಸಬಹುದು, ಆದರೆ ನಾವಿಟ್ಟ ‘ಹಾಲು’ ಅಲ್ಲಿ ‘ಹಾಳು’ ಎಂದೂ ಓದಿಸಿಕೊಳ್ಳುತ್ತದೆ. ಬ್ಯಾಕಪ್ ಮಾಡುವ ಪ್ರೋಗ್ರಾಂಗೆ ಬೇಕಾ ಇದು? ‘ಬುತ್ತಿ’ಯೂ ‘ಬುಟ್ಟಿ’ಯೂ ಹಾಗೆಯೇ. ‘ಗುಬ್ಬಿ’ಯಂಥ ಪದಕ್ಕೆ ಈ ಕಾಟವಿಲ್ಲ.

‘ಫ್ರೀ’ ಸೇರಿಸಬೇಡಿ. ಜನ ಬಿಟ್ಟಿ ಅಂದುಕೊಳ್ಳುತ್ತಾರೆ, ಮೇಲಾಗಿ ಲಿನಕ್ಸ್‌ನಲ್ಲಿ ಅದೇ ಹೆಸರಿನ ಕಮಾಂಡ್ ಆಗಲೇ ಇದ್ದು ಮೆಮೊರಿ ಲೆಕ್ಕ ತೋರಿಸುತ್ತದೆ.

ಟ್ರೇಡ್‌ಮಾರ್ಕ್ ಹುಡುಕಾಟ ತಂತ್ರಾಂಶ ಬರುವ 9ನೇ ವರ್ಗದಲ್ಲಿ. ಫೀನಿಕ್ಸ್ ಎಂದು ಹುಟ್ಟಿದ ಬ್ರೌಸರ್ ಟ್ರೇಡ್‌ಮಾರ್ಕ್ ತಕರಾರಿಗೆ 2003ರಲ್ಲಿ ಫೈರ್‌ಬರ್ಡ್ ಆಯಿತು. ಆ ಹೆಸರಿನ ಡೇಟಾಬೇಸ್ ಮೊದಲೇ ಇದ್ದದ್ದರಿಂದ 2004ರಲ್ಲಿ ಫೈರ್‌ಫಾಕ್ಸ್ ಆಗಬೇಕಾಯಿತು.

ಹೆಸರು ಬದಲಿಸಲೇಬೇಕಾದರೆ ಬೈನರಿ ಒಂದೇ ಅಲ್ಲ. ಮ್ಯಾನ್ ಪುಟ, ಕಾನ್ಫಿಗ್ ಫೋಲ್ಡರ್, ಎನ್ವಿರಾನ್ಮೆಂಟ್ ವೇರಿಯಬಲ್, ಟ್ಯಾಬ್ ಕಂಪ್ಲೀಷನ್ ಫೈಲ್ ಎಲ್ಲ ಬದಲಾಗಬೇಕು. ಹಳೆಯ ಹೆಸರಿನಲ್ಲಿ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಉಳಿಸಿ, ಅದು ಎಚ್ಚರಿಕೆ ಕೊಟ್ಟು ಹೊಸದನ್ನು ‘ಎಕ್ಸೆಕ್’ ಮಾಡಲಿ, ಅಂದರೆ ತನ್ನ ಜಾಗದಲ್ಲಿ ಓಡಿಸಲಿ. ಎಚ್ಚರಿಕೆ ಸ್ಟ್ಯಾಂಡರ್ಡ್ ಎರರ್‌ಗೇ (ದೋಷ ಸಂದೇಶಗಳ ಪ್ರತ್ಯೇಕ ದಾರಿಗೇ) ಹೋಗಬೇಕು; ಔಟ್‌ಪುಟ್‌ಗೆ ಹೋದರೆ ಪೈಪಿನ ಆಚೆಗಿರುವ ಪ್ರೋಗ್ರಾಂ ಅದನ್ನೇ ಡೇಟಾ ಎಂದು ತಿನ್ನುತ್ತದೆ.