ಟ್ರೇಲರ್ ಎಳೆಯಲು ಗ್ಯಾಸ್ ಟ್ರಕ್ಕೋ, ಡೀಸೆಲ್ ಟ್ರಕ್ಕೋ? ಮೊದಲು ಬಾಗಿಲ ಚೀಟಿ ಓದಿ

ಊರಿನ ಲಾರಿ, ಟ್ರ್ಯಾಕ್ಟರ್ ನೋಡಿ ಬೆಳೆದವರಿಗೆ ಭಾರ ಎಳೆಯುವುದೆಂದರೆ ಡೀಸೆಲ್. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಮನೆಮಂದಿಯ ಸುತ್ತಾಟಕ್ಕೆ ದೊಡ್ಡ ಟ್ರೇಲರ್ ಕೊಂಡು, ಅದನ್ನೆಳೆಯುವ ಪಿಕಪ್ ಹುಡುಕಲು ಹೊರಟಾಗಲೂ ಇದೇ ಎಣಿಕೆ ತಲೆಯಲ್ಲಿರುತ್ತದೆ. ಜೊತೆಗೆ ‘ಡೀಸೆಲ್ ಅಗ್ಗ’ ಎಂಬ ಹಳೆಯ ನಂಬಿಕೆ ಬೇರೆ. ಅದನ್ನು ವಿಮಾನ ಹತ್ತುವಾಗಲೇ ಬಿಟ್ಟು ಹೋಗುವುದು ಒಳ್ಳೆಯದು. ಅಲ್ಲಿ ಗ್ಯಾಲನ್ನಿಗೆ ಫೆಡರಲ್ ತೆರಿಗೆಯೇ ಪೆಟ್ರೋಲಿಗೆ 18.4 ಸೆಂಟ್, ಡೀಸೆಲ್‌ಗೆ 24.4 ಸೆಂಟ್, ಬಂಕಿನ ಬೋರ್ಡಿನಲ್ಲೂ ಸಾಮಾನ್ಯವಾಗಿ ಡೀಸೆಲ್ ದರವೇ ಮೇಲಿರುತ್ತದೆ. ಅಂದ ಹಾಗೆ, ಅಲ್ಲಿನವರು ‘ಗ್ಯಾಸ್’ ಎನ್ನುವುದು ನಮ್ಮ ಪೆಟ್ರೋಲಿಗೆ.

ಫೋರ್ಡ್, ಷೆವ್ರೊಲೆ, ರ‍್ಯಾಮ್ ಮೂರೂ ತಮ್ಮ ಹೆವಿ ಡ್ಯೂಟಿ ಪಿಕಪ್‌ಗಳಲ್ಲಿ ಎರಡೂ ಬಗೆಯ ಎಂಜಿನ್ ಕೊಡುತ್ತವೆ. ಡೀಸೆಲ್ ಬೇಕೆಂದರೆ ಸುಮಾರು 10,000 ಡಾಲರ್ ಹೆಚ್ಚು ತೆರಬೇಕು. ಅಷ್ಟು ತೆತ್ತ ಮೇಲೂ ಆ ಟ್ರಕ್ ನಿಮ್ಮ ಟ್ರೇಲರಿಗೆ ಸಾಲದೇ ಹೋಗಬಹುದು. ಎಳೆಯುವ ಬಲ ಕಡಿಮೆಯಾಗಿ ಅಲ್ಲ, ಹೊರುವ ಬಲ ಸಾಲದೆ. ಆದ್ದರಿಂದ ಎಂಜಿನ್ ಮಾತು ಆಮೇಲೆ; ತೂಕದ ಮಾತು ಮೊದಲು.

ಹೆಜ್ಜೆ 1: ಟ್ರೇಲರಿನ ನಿಜ ತೂಕ

ಮಾರುವವರು ಹೇಳುವುದು ಖಾಲಿ ತೂಕ. ನೀವು ಎಳೆಯುವುದು ತುಂಬಿದ ಟ್ರೇಲರ್. ನೀರು ಗ್ಯಾಲನ್ನಿಗೆ 8.3 ಪೌಂಡ್ ತೂಗುತ್ತದೆ. 60 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಅದೊಂದೇ 500 ಪೌಂಡ್. ಅದರ ಮೇಲೆ ಸಿಲಿಂಡರು, ಬ್ಯಾಟರಿ, ಪಾತ್ರೆ ಪಗಡಿ, ಮಕ್ಕಳ ಸೈಕಲ್ಲು. ಹಾಗಾಗಿ ಟ್ರೇಲರಿಗೆ ಅಂಟಿಸಿದ ಫಲಕದಲ್ಲಿ ಗರಿಷ್ಠ ಒಟ್ಟು ತೂಕ, ಅಂದರೆ ಜಿವಿಡಬ್ಲ್ಯುಆರ್, ಎಷ್ಟಿದೆಯೋ ಅದನ್ನೇ ಹಿಡಿದು ಲೆಕ್ಕ ಹಾಕಿ. (1 ಪೌಂಡ್ ಎಂದರೆ 0.45 ಕೆ.ಜಿ. ಅಲ್ಲಿನ ಚೀಟಿ, ಫಲಕಗಳೆಲ್ಲ ಪೌಂಡಿನ ಲೆಕ್ಕದಲ್ಲೇ ಇರುವುದರಿಂದ ಇಲ್ಲೂ ಅದೇ ಇರಲಿ.)

ಈ ತೂಕದ ಒಂದು ಪಾಲು ಟ್ರಕ್ಕಿನ ಮೈಮೇಲೆ ಬಂದು ಕೂರುತ್ತದೆ. ಬಂಪರ್ ಹಿಂದಿನ ಗುಂಡಿಗೆ ಸಿಕ್ಕಿಸುವ ಟ್ರೇಲರ್ ಆದರೆ 10ರಿಂದ 15 ಶೇಕಡ. ಟ್ರಕ್ಕಿನ ತೊಟ್ಟಿಯೊಳಗೆ ಕೂರುವ ಫಿಫ್ತ್ ವ್ಹೀಲ್ ಆದರೆ 20ರಿಂದ 25 ಶೇಕಡ. ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಕೆಡುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಟ್ರೇಲರಿನಲ್ಲಿ ಹಿಂಭಾರವಾದರೆ ಗಂಟೆಗೆ 60 ಮೈಲಿ ವೇಗದಲ್ಲಿ ಅದು ಬಾಲ ಆಡಿಸತೊಡಗುತ್ತದೆ, ಟ್ರಕ್ಕನ್ನೂ ತನ್ನ ಜೊತೆ ಎಳೆದಾಡುತ್ತದೆ. ಆಗ ಯಾವ ಎಂಜಿನ್ನೂ ಕಾಪಾಡುವುದಿಲ್ಲ.

ಹೆಜ್ಜೆ 2: ಬಾಗಿಲ ಚೀಟಿ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಚೀಟಿಯೊಂದು ಕಾಣುತ್ತದೆ: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಕೂಡದು ಎಂದು. ಇದು ಆ ಒಂದು ಟ್ರಕ್ಕಿಗೇ ಅಚ್ಚಾದ ಅಂಕಿ. ಜಾಹೀರಾತಿನ ‘ಗರಿಷ್ಠ’ ಅಂಕಿ ಇದಲ್ಲ.

ಗ್ಯಾಸ್ ಮತ್ತು ಡೀಸೆಲ್ ಮೊದಲು ಬೇರೆಯಾಗುವುದು ಇಲ್ಲಿ. ಡೀಸೆಲ್ ಎಂಜಿನ್, ಅದರ ಟರ್ಬೊ, ಕೂಲರ್‌ಗಳು, ಹೊಗೆ ಶುದ್ಧಿಯ ಸರಂಜಾಮು ಎಲ್ಲ ಸೇರಿ ನೂರಾರು ಪೌಂಡ್ ಹೆಚ್ಚು ತೂಗುತ್ತವೆ. ಆದರೆ 250 ಅಥವಾ 2500 ಎಂಬ ಹೆಸರಿನ ‘ಮುಕ್ಕಾಲು ಟನ್’ ಟ್ರಕ್‌ಗಳಲ್ಲಿ ಎಷ್ಟೋ ಸಲ ಟ್ರಕ್ಕಿನ ಒಟ್ಟು ತೂಕದ ಮಿತಿಯನ್ನು 10,000 ಪೌಂಡಿಗೇ ನಿಲ್ಲಿಸಿರುತ್ತಾರೆ. ಕೆಲವು ರಾಜ್ಯಗಳಲ್ಲಿ ಅದನ್ನು ದಾಟಿದರೆ ನೋಂದಣಿಯ ದರ್ಜೆ ಬದಲಾಗುತ್ತದೆ. ಮಿತಿ ಅಷ್ಟೇ ಇದ್ದು ಎಂಜಿನ್ ಭಾರವಾದರೆ ಕಡಿಮೆಯಾಗುವುದು ನಿಮ್ಮ ಪಾಲಿನ ಭಾರ. ಒಂದೇ ಮಾದರಿಯ ಗ್ಯಾಸ್ ಟ್ರಕ್ಕಿನ ಚೀಟಿಯಲ್ಲಿ 3,000 ಪೌಂಡ್ ಇದ್ದರೆ ಡೀಸೆಲಿನದರಲ್ಲಿ 2,300 ಇರಬಹುದು.

ಹೆಜ್ಜೆ 3: ತೂಕದ ಕಟ್ಟೆಯಲ್ಲಿ ಎರಡು ಸಲ

ಹೆದ್ದಾರಿ ಬದಿಯ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇರುತ್ತದೆ. ಟ್ಯಾಂಕ್ ತುಂಬಿಸಿ, ಪ್ರಯಾಣಕ್ಕೆ ಬರುವವರನ್ನೆಲ್ಲ ಕೂರಿಸಿಕೊಂಡು ಹೋಗಿ. ಮುಂದಿನ ಚಕ್ರ ಒಂದು ಹಲಗೆಯ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಟ್ರೇಲರಿನ ಚಕ್ರಗಳು ಮೂರನೆಯದರ ಮೇಲೆ ನಿಲ್ಲಲಿ. ಆಮೇಲೆ ಟ್ರೇಲರ್ ಕಳಚಿಟ್ಟು ಟ್ರಕ್ ಒಂದನ್ನೇ ತೂಗಿಸಿ.

ಒಂದು ಲೆಕ್ಕ ನೋಡೋಣ. ಡೀಸೆಲ್ ಮುಕ್ಕಾಲು ಟನ್ ಟ್ರಕ್, ನಾಲ್ಕು ಜನ, ಟ್ರೇಲರ್ ಸಿಕ್ಕಿಸುವ ಹಿಚ್ ಸೇರಿ 8,300 ಪೌಂಡ್. ಫಿಫ್ತ್ ವ್ಹೀಲ್ ಸಿಕ್ಕಿಸಿದ ಮೇಲೆ ಮುಂದಿನ ಆಕ್ಸಲ್ 4,760, ಹಿಂದಿನದು 5,940, ಕೂಡಿದರೆ 10,700. ಟ್ರೇಲರಿನ ಚಕ್ರಗಳ ಮೇಲೆ 9,600. ಅಂದರೆ ಟ್ರಕ್ಕಿನ ಮೇಲೆ ಕೂತ ಭಾರ 2,400, ಟ್ರೇಲರಿನ ಒಟ್ಟು ತೂಕ 12,000, ಪಾಲು ಸರಿಯಾಗಿ 20 ಶೇಕಡ. ಹೇರು ಚೆನ್ನಾಗಿದೆ, ಎಂಜಿನ್‌ಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ 10,000ದ ಮಿತಿಯನ್ನು ಟ್ರಕ್ 700 ಪೌಂಡ್ ಮೀರಿ ನಿಂತಿದೆ. ಕಂಪನಿಯ ಪಟ್ಟಿಯಲ್ಲಿ ಇದೇ ಟ್ರಕ್ 15,000 ಪೌಂಡಿಗೂ ಹೆಚ್ಚು ಎಳೆಯುತ್ತದೆ ಎಂದೇ ಬರೆದಿರುತ್ತದೆ. ಆ ಪಟ್ಟಿ ಸುಳ್ಳಲ್ಲ. ಅದರ ಪರೀಕ್ಷೆಯಲ್ಲಿ ಟ್ರಕ್ಕಿನಲ್ಲಿ ಇಬ್ಬರು, ತಲಾ 150 ಪೌಂಡ್ ಎಂದಷ್ಟೇ ಹಿಡಿದಿರುತ್ತಾರೆ. ನಿಮ್ಮ ಅತ್ತೆ, ಮಾವ, ಕೂಲರ್ ಪೆಟ್ಟಿಗೆ ಅದರಲ್ಲಿ ಇಲ್ಲ.

ಇಂಥ ಕಡೆ ಪರಿಹಾರ ಎಂಜಿನ್ ಬದಲಿಸುವುದಲ್ಲ. 350 ಅಥವಾ 3500, ಅಂದರೆ ಒಂದು ಟನ್ ಚಾಸಿಸ್ ಕೊಳ್ಳುವುದು. ಡೀಸೆಲ್‌ಗೆ ಕೊಡುವ ಹೆಚ್ಚುವರಿ ಹಣದ ಮುಂದೆ ಈ ವ್ಯತ್ಯಾಸ ಸಣ್ಣದು.

ಹೆಜ್ಜೆ 4: ಏರಿಗೆ ಎಷ್ಟು ಕುದುರೆ ಬೇಕು?

ಫೋರ್ಡ್‌ನ 7.3 ಲೀಟರ್ ಗ್ಯಾಸ್ ಎಂಜಿನ್ 2020ರಲ್ಲಿ ಬಂದಾಗ 430 ಅಶ್ವಶಕ್ತಿ, 475 ಪೌಂಡ್-ಅಡಿ ಟಾರ್ಕ್, ಅಂದರೆ ತಿರುಗಿಸುವ ಬಲ. ಅದೇ ವರ್ಷದ 6.7 ಲೀಟರ್ ಡೀಸೆಲ್‌ಗೆ 475 ಅಶ್ವಶಕ್ತಿ, 1,050 ಪೌಂಡ್-ಅಡಿ. ಟಾರ್ಕ್ ಎರಡರಷ್ಟಕ್ಕಿಂತ ಹೆಚ್ಚು ಎಂದು ಜನ ಬೆರಗಾಗುತ್ತಾರೆ. ಆದರೆ ಏರು ಹತ್ತಿಸುವುದು ಅಶ್ವಶಕ್ತಿ. ಟಾರ್ಕನ್ನು ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತಿನಿಂದ ಗುಣಿಸಿ 5,252ರಿಂದ ಭಾಗಿಸಿದರೆ ಅದು ಸಿಗುತ್ತದೆ. ಡೀಸೆಲ್ 1,600 ಸುತ್ತಿನಲ್ಲೇ 320 ಅಶ್ವಶಕ್ತಿ ಕೊಡುತ್ತದೆ. ಅಷ್ಟು ಬರಬೇಕಾದರೆ ಗ್ಯಾಸ್ ಎಂಜಿನ್ 3,500ರಿಂದ 4,000 ಸುತ್ತಿಗೆ ಹೋಗಬೇಕು. ಹೋಗುತ್ತದೆ, ಅದನ್ನು ಮಾಡಿರುವುದೇ ಅದಕ್ಕೆ. ಗಿಯರ್ ಇಳಿಸಿ ಕೂಗುತ್ತದೆ, ಅಷ್ಟೇ. ಕೂಗು ಕೇಳಿ ಎಂಜಿನ್ ಒಡೆದೀತೆಂದು ಕಾಲು ತೆಗೆಯುವವರು ಬಹಳ.

ನಿಜವಾದ ವ್ಯತ್ಯಾಸ ಎತ್ತರದಲ್ಲಿದೆ. ಮೇಲೆ ಹೇಳಿದ ಟ್ರಕ್ಕೂ ಟ್ರೇಲರೂ ಸೇರಿ ಸುಮಾರು 20,000 ಪೌಂಡ್. 6 ಶೇಕಡ ಏರನ್ನು 60 ಮೈಲಿ ವೇಗದಲ್ಲಿ ಹತ್ತಲು ಬರಿಯ ಏರಿಗೇ 192 ಅಶ್ವಶಕ್ತಿ ಬೇಕು. ಗಾಳಿಯ ತಡೆ, ಟೈರಿನ ತಡೆ, ಗಿಯರ್ ಬಾಕ್ಸಿನಲ್ಲಿ ಸೋರಿದ್ದು ಎಲ್ಲ ಸೇರಿಸಿದರೆ 330ರಿಂದ 350. ಸಮುದ್ರಮಟ್ಟದಲ್ಲಿ ಎರಡೂ ಎಂಜಿನ್ನಿಗೆ ಇದು ಸಾಧ್ಯ. ಆದರೆ ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3 ಶೇಕಡ ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೋದ ಐ-70 ಹೆದ್ದಾರಿಯಲ್ಲಿ ಐಸನ್‌ಹೋವರ್ ಸುರಂಗ ಇರುವುದು 11,158 ಅಡಿ ಎತ್ತರದಲ್ಲಿ. ಅಲ್ಲಿ 430 ಅಶ್ವಶಕ್ತಿ ಹೆಚ್ಚುಕಡಿಮೆ 290ಕ್ಕೆ ಇಳಿದಿರುತ್ತದೆ. ಟ್ರಕ್ 50-55 ಮೈಲಿಗೆ ಬಂದು ಬಲಗಡೆಯ ಲೇನ್ ಹಿಡಿಯುತ್ತದೆ. ತೆಳುಗಾಳಿಯನ್ನೂ ಒತ್ತಿ ತುಂಬುವ ಟರ್ಬೊ ಇರುವ ಡೀಸೆಲ್‌ಗೆ ಈ ನಷ್ಟ ತೀರ ಕಡಿಮೆ. ಟೆಕ್ಸಸ್, ಇಲಿನಾಯ್ ಬಯಲಿನಲ್ಲೇ ಓಡಾಡುವವರಿಗೆ ಇದು ಬೇಡದ ಚಿಂತೆ.

ಗ್ಯಾಸ್ ಟ್ರಕ್ ಕೊಳ್ಳುವುದಾದರೆ ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ಬರಲು ಡ್ರೈವ್ ಶಾಫ್ಟ್ ಎಷ್ಟು ಸುತ್ತು ಹಾಕುತ್ತದೆ ಎಂಬ ಅಂಕಿ) ಕೇಳಿ ಕೊಳ್ಳಿ. 4.30 ಸಿಕ್ಕರೆ ಭಾರಕ್ಕೆ ಅದೇ ಸರಿ. ಖಾಲಿ ಓಡುವಾಗ ಇಂಧನ ತುಸು ಹೆಚ್ಚು ಕುಡಿಯುತ್ತದೆ.

ಹೆಜ್ಜೆ 5: ಇಳಿಜಾರನ್ನೂ ಲೆಕ್ಕಕ್ಕೆ ಹಿಡಿಯಿರಿ

ಚಾರ್ಮಾಡಿ ಘಾಟಿಯಲ್ಲಿ ಲಾರಿಯ ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಬಡಿದವರಿಗೆ ಏರಿಗಿಂತ ಇಳಿಜಾರೇ ಅಪಾಯ ಎಂಬುದು ಗೊತ್ತು. ಗ್ಯಾಸ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಥ್ರಾಟಲ್ ಮುಚ್ಚಿಕೊಂಡು ಎಂಜಿನ್ನೇ ಹಿಡಿದೆಳೆಯುತ್ತದೆ. ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಗುಂಡಿ ಒತ್ತಿದ್ದರೆ ಗಿಯರೂ ತಾನೇ ಇಳಿಯುತ್ತದೆ. ಆದರೂ 12,000 ಪೌಂಡಿನ ಟ್ರೇಲರಿಗೆ ನಡುನಡುವೆ ಕಾಲ ಬ್ರೇಕ್ ಬೇಕೇ ಬೇಕು. ಡೀಸೆಲ್‌ನಲ್ಲಿ ಹಾಗೆ ಹಿಡಿದೆಳೆಯುವ ಥ್ರಾಟಲ್ ಇಲ್ಲ. ಅದರ ಬದಲು ಟರ್ಬೊದ ಎಲೆಗಳು ಅರ್ಧಂಬರ್ಧ ಮುಚ್ಚಿ ಹೊಗೆಗೆ ಅಡ್ಡಗಟ್ಟುತ್ತವೆ: ಇದೇ ಎಕ್ಸಾಸ್ಟ್ ಬ್ರೇಕ್. ಮೈಲಿಗಟ್ಟಲೆ ಇಳಿಜಾರಿನಲ್ಲೂ ವೇಗ ಒಂದೇ ಕಡೆ ನಿಂತಿರುತ್ತದೆ, ಪೆಡಲ್ ಮುಟ್ಟುವುದೇ ಅಪರೂಪ. ಬೆಟ್ಟದ ನಾಡಿನಲ್ಲಿ ಓಡಿಸುವವರು ಡೀಸೆಲ್‌ಗೆ ಹಣ ಹಾಕಲು ಟಾರ್ಕಿಗಿಂತ ಇದು ಒಳ್ಳೆಯ ಕಾರಣ.

ಎಂಜಿನ್ ಯಾವುದೇ ಇರಲಿ, ಟ್ರೇಲರಿನ ಬ್ರೇಕ್ ಕಂಟ್ರೋಲರನ್ನು ಹೊರಡುವ ಮುನ್ನ ಖಾಲಿ ಜಾಗದಲ್ಲಿ 25 ಮೈಲಿ ವೇಗದಲ್ಲಿ ಒತ್ತಿ ನೋಡಿ. ಟ್ರೇಲರಿನ ಚಕ್ರ ಕಚ್ಚಿ ಜಾರಿದರೆ ಗೇನ್, ಅಂದರೆ ಬ್ರೇಕ್ ಹಿಡಿತದ ಮಟ್ಟ, ಇಳಿಸಿ, ತಳ್ಳಿದಂತಾದರೆ ಏರಿಸಿ.

ಹೆಜ್ಜೆ 6: ಕಾಸಿನ ಲೆಕ್ಕ

ವರ್ಷಕ್ಕೆ 10,000 ಮೈಲಿ ಟ್ರೇಲರ್ ಎಳೆಯುತ್ತೀರಿ ಎಂದುಕೊಳ್ಳೋಣ. ಅದು ತುಂಬ ಹೆಚ್ಚೇ. ಗ್ಯಾಸ್ ಟ್ರಕ್ ಗ್ಯಾಲನ್ನಿಗೆ 8 ಮೈಲಿ, ಡೀಸೆಲ್ 11. ದರ, ಲೆಕ್ಕಕ್ಕೆ ಮಾತ್ರ, 3.20 ಮತ್ತು 3.80 ಡಾಲರ್. ಗ್ಯಾಸ್ 1,250 ಗ್ಯಾಲನ್, 4,000 ಡಾಲರ್. ಡೀಸೆಲ್ 909 ಗ್ಯಾಲನ್, ಸುಮಾರು 3,450 ಡಾಲರ್. ಉಳಿದದ್ದು 550. ಅದರಲ್ಲಿ ಹೊಗೆ ಶುದ್ಧಿಗೆ ಬಳಸುವ ಡಿಇಎಫ್ ಎಂಬ ದ್ರವಕ್ಕೆ ನೂರು ಡಾಲರ್ ಹೋಯಿತು. ಆಯಿಲ್ ಬದಲಿಸುವಾಗ ಫೋರ್ಡ್ ಡೀಸೆಲ್ 13 ಕ್ವಾರ್ಟ್ ಕೇಳುತ್ತದೆ, 7.3 ಗ್ಯಾಸ್‌ಗೆ 8 ಸಾಕು. ಡೀಸೆಲ್‌ಗೆ ಇಂಧನ ಫಿಲ್ಟರ್ ಬೇರೆ ಕಾಲಕಾಲಕ್ಕೆ ಬದಲಿಸಬೇಕು. ಕೊನೆಗೆ ವರ್ಷಕ್ಕೆ 350 ಡಾಲರ್ ಕೈಯಲ್ಲುಳಿದರೆ 10,000 ಡಾಲರ್ ಹುಟ್ಟಲು 28 ವರ್ಷಕ್ಕೂ ಹೆಚ್ಚು ಬೇಕು! ಮರುಮಾರಾಟದಲ್ಲಿ ಡೀಸೆಲ್‌ಗೆ ಒಳ್ಳೆಯ ಬೆಲೆ ಬರುತ್ತದೆ ಎಂಬುದು ನಿಜ, ಕೊಟ್ಟ ಹೆಚ್ಚುವರಿಯಲ್ಲಿ ಒಂದು ದೊಡ್ಡ ಪಾಲು ಹಾಗೆ ಮರಳಬಹುದು. ಆದರೆ ‘ಮೈಲೇಜಿಗಾಗಿ ಡೀಸೆಲ್’ ಎಂಬ ಮಾತು ನಿಲ್ಲುವುದಿಲ್ಲ.

10,000 ಪೌಂಡಿಗಿಂತ ಕಡಿಮೆ ಟ್ರೇಲರ್, ವರ್ಷಕ್ಕೆ ನಾಲ್ಕೈದು ಸುತ್ತಾಟ ಎಂದಾದರೆ ಗ್ಯಾಸ್ ಕೊಂಡು ಉಳಿದ ಹಣವನ್ನು ಒಳ್ಳೆಯ ಹಿಚ್, ಟೈರಿಗೆ ಹಾಕಿ. 15,000 ದಾಟಿದರೆ, ಅಥವಾ ರಾಕಿ ಪರ್ವತಗಳಲ್ಲಿ ತಿಂಗಳಿಗೊಮ್ಮೆ ಏರಿ ಇಳಿಯುವುದಿದ್ದರೆ, ಡೀಸೆಲ್ ಕೊಳ್ಳಲು ಹಿಂದೆಮುಂದೆ ನೋಡಬೇಡಿ.

ಹೆಜ್ಜೆ 7: ಟ್ರೇಲರ್ ಇಲ್ಲದ ದಿನಗಳು

ಡೀಸೆಲ್ ಟ್ರಕ್ ಕೆಡುವುದು ಭಾರದಿಂದಲ್ಲ, ಸುಮ್ಮನಿರುವುದರಿಂದ. ಹೊಗೆಯ ಮಸಿಯನ್ನು ಡಿಪಿಎಫ್ ಎಂಬ ಫಿಲ್ಟರ್ ಹಿಡಿದಿಟ್ಟುಕೊಂಡು, ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಆಗಾಗ ಸುಡುತ್ತದೆ. ಹೆದ್ದಾರಿಯಲ್ಲಿ ಭಾರ ಎಳೆಯುವಾಗ ಆ ಕಾವು ತಾನಾಗಿ ಬರುತ್ತದೆ. ದಿನವೂ ಮಕ್ಕಳ ಶಾಲೆಗೆ ಎರಡು ಮೈಲಿ, ಅಂಗಡಿಗೆ ಮೂರು ಮೈಲಿ ಓಡಿಸಿ ನಿಲ್ಲಿಸಿದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮತ್ತೆ ಮತ್ತೆ ಕಾವು ಏರಿಸಲು ಚೆಲ್ಲಿದ ಡೀಸೆಲ್ ಎಂಜಿನ್ ಆಯಿಲಿಗೆ ಸೇರಿ ಅದನ್ನು ತೆಳುಮಾಡುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿ ಓಟ ಬೇಕು. ಈ ಫಿಲ್ಟರನ್ನೇ ಕಿತ್ತೆಸೆದು ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ಅಲ್ಲಿನ ಕಾನೂನಿಗೆ ವಿರುದ್ಧ.

ಡಿಇಎಫ್ ಎಂದರೆ ನೀರಿನಲ್ಲಿ 32.5 ಶೇಕಡ ಯೂರಿಯ. ನಮ್ಮಲ್ಲಿ ಬಿಎಸ್-6 ಲಾರಿಗಳಿಗೆ ಹಾಕುವ ಆಡ್‌ಬ್ಲೂ ಇದೇ. ಮೈನಸ್ 11 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ, ಟ್ಯಾಂಕಿನ ಹೀಟರ್ ಕರಗಿಸಿಕೊಳ್ಳುತ್ತದೆ. ನೀಲಿ ಮುಚ್ಚಳದ ಆ ಬಾಯಿ ಡೀಸೆಲ್ ಬಾಯಿಯ ಪಕ್ಕದಲ್ಲೇ ಇರುವುದುಂಟು. ಡಿಇಎಫ್ ತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಹರಳುಗಟ್ಟಿ ಇಂಧನದ ದಾರಿಯನ್ನೆಲ್ಲ ಕೆಡಿಸುತ್ತದೆ.

ಪಂಪಿನಲ್ಲಿ ಇನ್ನೊಂದು ಬಲೆ. ಡೀಸೆಲ್ ನಳಿಕೆ ದಪ್ಪ, ಗ್ಯಾಸ್ ಟ್ರಕ್ಕಿನ ಬಾಯಿಗೆ ಹೋಗುವುದಿಲ್ಲ. ಗ್ಯಾಸ್ ನಳಿಕೆ ಸಣ್ಣದು, ತಡೆ ಇಲ್ಲದ ಡೀಸೆಲ್ ಟ್ಯಾಂಕಿಗೆ ಸಲೀಸಾಗಿ ಇಳಿಯುತ್ತದೆ. ಬಣ್ಣ ನಂಬಬೇಡಿ, ಹಸಿರು ಹಿಡಿಕೆ ಹೆಚ್ಚಿನ ಕಡೆ ಡೀಸೆಲ್, ಕೆಲವು ಬಂಕ್‌ಗಳಲ್ಲಿ ಅದೇ ಹಸಿರು ಪೆಟ್ರೋಲಿಗೆ. ಅಕ್ಷರ ಓದಿ. ಡೀಸೆಲ್‌ಗಿರುವ ಜಿಡ್ಡು ಪೆಟ್ರೋಲಿಗಿಲ್ಲ. ಅಧಿಕ ಒತ್ತಡದ ಪಂಪ್ ಒಣಗಿ ಉಜ್ಜಿ, ಲೋಹದ ಚೂರುಗಳು ಇಂಜೆಕ್ಟರುಗಳಿಗೆ ನುಗ್ಗುತ್ತವೆ. ತಪ್ಪಾಗಿದೆ ಎಂದು ಗೊತ್ತಾದ ಕ್ಷಣ ಕೀಲಿ ತಿರುಗಿಸಬೇಡಿ, ಡ್ಯಾಶ್‌ಬೋರ್ಡ್ ದೀಪ ನೋಡಲಿಕ್ಕೂ ಬೇಡ. ಕೀಲಿ ‘ಆನ್’ ಆದರೆ ಸಾಕು, ಟ್ಯಾಂಕಿನ ಪಂಪ್ ಪೆಟ್ರೋಲನ್ನು ಮುಂದಕ್ಕೆ ನೂಕತೊಡಗುತ್ತದೆ. ಗಿಯರ್ ನ್ಯೂಟ್ರಲ್‌ಗೆ ತರಲು ಕೀಲಿ ಬೇಕೇ ಬೇಕೆಂದಿದ್ದರೆ ಟ್ರಕ್ಕನ್ನು ಇದ್ದಲ್ಲೇ ಬಿಟ್ಟು ಟೋ ಗಾಡಿ ಕರೆಸಿ. ಅದರ ಬಾಡಿಗೆಯೂ ಟ್ಯಾಂಕ್ ಖಾಲಿ ಮಾಡಿಸುವ ಖರ್ಚೂ ಸೇರಿ ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಪಂಪು, ಇಂಜೆಕ್ಟರು, ಪೈಪು ಬದಲಿಸುವ ಬಿಲ್ಲು ಬರುವುದು ಸಾವಿರಗಳಲ್ಲಿ.