ತೂಕ ನಿಂತೋದಾಗ ಊಟ ಕಮ್ಮಿ ಮಾಡೋಕ್ ಮುಂಚೆ ಲೆಕ್ಕ ನೋಡಿದೆ: ನನ್ನ ಅನುಭವ

91 ಕೆಜಿಯಿಂದ ಶುರು ಮಾಡಿ 79ಕ್ಕೆ ಇಳಿದಿದ್ದೆ. ದಿನಾ ತಿಂದಿದ್ದನ್ನ ಆ್ಯಪಲ್ಲಿ ಲಾಗ್ ಮಾಡ್ಕೊಂಡು, 1800 ಕ್ಯಾಲರಿ ಟಾರ್ಗೆಟ್ ಇಟ್ಕೊಂಡು ಬಂದಿದ್ದು, ಬೇರೆ ಯಾವ ಪೌಡರ್ರೂ ಇಲ್ಲ ಮಾತ್ರೆನೂ ಇಲ್ಲ. ಆಮೇಲೆ ತೂಕ ಅಲ್ಲೇ ಕೂತ್ಬಿಡ್ತು. ಅದೇ 1800, ಅದೇ ಲಾಗಿಂಗ್, ಆದ್ರೆ ಮುಳ್ಳು ಅಲ್ಲಾಡ್ತಿಲ್ಲ. ಈ ಟೈಮಲ್ಲಿ ಯಾರನ್ನ ಕೇಳಿದ್ರೂ ಒಂದೇ ಮಾತು, ಇನ್ನೂ 300 ಕಮ್ಮಿ ಮಾಡು, ರಾತ್ರಿ ಊಟ ಬಿಡು ಅಂತ. ನಾನದನ್ನ ಮಾಡಲಿಲ್ಲ. ಯಾಕಂದ್ರೆ 1800 ಅನ್ನೋದು ನಿಜವಾಗ್ಲೂ 1800 ಆಗಿದೆಯಾ, ದೇಹ ದಿನಕ್ಕೆ ಎಷ್ಟು ಕ್ಯಾಲರಿ ಖರ್ಚು ಮಾಡ್ತಿದೆ ಅನ್ನೋದು ಎರಡೂ ಗೊತ್ತಿಲ್ದೆ ಇನ್ನೂ ಕಮ್ಮಿ ತಿಂತಾ ಹೋದ್ರೆ ಮುಂದಿನ ಸಲ ನಿಂತಾಗ ಕಮ್ಮಿ ಮಾಡೋಕೆ ತಟ್ಟೇಲಿ ಏನೂ ಉಳಿದಿರಲ್ಲ.

ಮೊದಲು ನೋಡಿದ್ದು ಇದು ನಿಜವಾದ ಪ್ಲೇಟೋನಾ (ಅಂದ್ರೆ ತೂಕ ಇಳಿಯೋದು ನಿಜವಾಗ್ಲೂ ನಿಂತಿದೆಯಾ) ಅಲ್ವಾ ಅಂತ. ಒಂದೇ ದಿನದ ತೂಕ ನಂಬಬಾರದು. ಉಪ್ಪು ಜಾಸ್ತಿ ತಿಂದ ಮಾರನೇ ದಿನ, ನಿದ್ದೆ ಕೆಟ್ಟ ದಿನ, ಹೊಟ್ಟೆ ಸರಿಯಾಗಿ ಖಾಲಿ ಆಗ್ದೇ ಇರೋ ದಿನ ಒಂದೂವರೆ ಎರಡು ಕೆಜಿ ಹೆಚ್ಚುಕಮ್ಮಿ ತೋರ್ಸೋದು ಮಾಮೂಲು. ಕಾರ್ಬ್ಸ್ (ಅನ್ನ, ರೊಟ್ಟಿ, ಸಕ್ಕರೆ ಥರದ್ದು) ತಿಂದಾಗ ಅದರಲ್ಲಿ ಒಂದು ಭಾಗ ಗ್ಲೈಕೋಜನ್ ಆಗಿ ಲಿವರ್ ಮತ್ತೆ ಮಸಲ್ಸಲ್ಲಿ ಸ್ಟೋರ್ ಆಗುತ್ತೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತೆ, ಅದು ಕೊಬ್ಬಲ್ಲ. ಹೊಸದಾಗಿ ವರ್ಕೌಟ್ ಶುರು ಮಾಡಿದ್ರೂ ಮಸಲ್ಸ್ ರಿಪೇರಿ ಆಗೋವಾಗ ನೀರು ಹಿಡ್ಕೊಳುತ್ತೆ, ಒಳಗೆ ಕೊಬ್ಬು ಕರಗ್ತಾ ಇದ್ರೂ ಸ್ಕೇಲ್ ಮೇಲೆ ಕಾಣಲ್ಲ. ಹೆಣ್ಮಕ್ಕಳಿಗೆ ಪೀರಿಯಡ್ಸ್ ಮುಂಚೆ ನೀರಿನ ತೂಕ ಏರೋದ್ರಿಂದ ಈ ವಾರವನ್ನ ಹೋದ ವಾರದ ಜೊತೆ ಹೋಲಿಸೋದಕ್ಕಿಂತ ಹೋದ ತಿಂಗಳ ಸೈಕಲ್ಲಿನ ಅದೇ ವಾರದ ಜೊತೆ ಹೋಲಿಸೋದು ಸರಿ.

ಹಾಗಾಗಿ ದಿನಾ ಬೆಳಿಗ್ಗೆ ಎದ್ದು ಟಾಯ್ಲೆಟ್ ಮುಗಿಸಿ, ಏನೂ ತಿನ್ನೋಕೆ ಕುಡಿಯೋಕೆ ಮುಂಚೆ ತೂಕ ನೋಡಿ ಬರ್ಕೊಂಡು, ಏಳು ದಿನದ ಆವರೇಜ್ ತೆಗೆದು, ಆ ಆವರೇಜನ್ನ ಮಾತ್ರ ಹಿಂದಿನ ಏಳು ದಿನದ ಆವರೇಜ್ ಜೊತೆ ಹೋಲಿಸ್ತಿದ್ದೆ. ಜೊತೆಗೆ ಹೊಕ್ಕಳ ಮಟ್ಟದಲ್ಲಿ ಟೇಪ್ ಹಿಡಿದು ಸೊಂಟದ ಅಳತೆ. ತೂಕ ನಿಂತಿದ್ರೂ ಸೊಂಟ ಇಳೀತಿದ್ರೆ ಅದು ಪ್ಲೇಟೋ ಅಲ್ಲ, ಸುಮ್ನೆ ಹಾಗೇ ಮುಂದುವರೀಬೇಕು. ನನ್ನದು ನಾಲ್ಕು ವಾರಕ್ಕೆ ಆವರೇಜ್ ಇಳಿದಿದ್ದು ಬರೀ ಕಾಲು ಕೆಜಿ, ಸೊಂಟನೂ ಇದ್ದಲ್ಲೇ ಇತ್ತು. ಅಂದ್ರೆ ನಿಂತಿದ್ದು ನಿಜ. ಎರಡು ವಾರ ಮೂರು ವಾರ ನೋಡಿ ಇದನ್ನ ತೀರ್ಮಾನ ಮಾಡೋಕಾಗಲ್ಲ, ನಾಲ್ಕು ವಾರ ಕಾಯಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಮುಖ್ಯವಾದ ಭಾಗ, ಲಾಗ್ ಆಡಿಟ್. ಎರಡು ವಾರ ತಿನ್ನೋದ್ರಲ್ಲಿ ಏನೂ ಬದಲಾಯಿಸದೆ, ಬಾಯಿಗೆ ಹೋಗೋ ಪ್ರತಿಯೊಂದನ್ನೂ ಕಿಚನ್ ಸ್ಕೇಲ್ ಮೇಲಿಟ್ಟು ಗ್ರಾಂ ಲೆಕ್ಕದಲ್ಲಿ ಬರೆದೆ. ಕಪ್ಪು, ಸ್ಪೂನು, ಒಂದು ಮೀಡಿಯಂ ಸೈಜು, ಒಂದು ಹಿಡಿ, ಇದ್ಯಾವುದೂ ಇಲ್ಲ. ಎರಡು ವಾರ ಆದ್ಮೇಲೆ ಬಂದ ಆವರೇಜ್ 1980. ಆ್ಯಪಲ್ಲಿ 1800 ಅಂತಿದ್ದ ಅದೇ ಊಟ! ತಿಂಗಳುಗಟ್ಟಲೆ ಲಾಗ್ ಮಾಡೋರಿಗೆಲ್ಲ ಇದು ಆಗೋದೇ, ಕೈ ಅಂದಾಜಿಗೆ ಒಗ್ಗಿಹೋಗುತ್ತೆ, ಅಂದಾಜು ಮೆಲ್ಲಗೆ ಉದಾರ ಆಗ್ತಾ ಹೋಗುತ್ತೆ.

1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಸ್ಟಡಿ ಇದೆ, 1200 ಕ್ಯಾಲರಿಗಿಂತ ಕಮ್ಮಿ ತಿಂದ್ರೂ ತೂಕ ಇಳೀತಿಲ್ಲ ಅಂತ ಹೇಳ್ತಿದ್ದವರನ್ನ ಕರ್ಕೊಂಡು ನಿಜವಾದ ಖರ್ಚು ಅಳೆದ್ರು. ಮೆಟಬಾಲಿಸಂ, ಅಂದ್ರೆ ದೇಹ ಕ್ಯಾಲರಿ ಖರ್ಚು ಮಾಡೋ ರೀತಿ, ಅವರದ್ದು ನಾರ್ಮಲ್ಲೇ ಇತ್ತು, ಆದ್ರೆ ತಿಂದಿದ್ದನ್ನ ಆವರೇಜ್ 47% ಕಮ್ಮಿ ಹೇಳಿದ್ರು, ಓಡಾಟನ 51% ಜಾಸ್ತಿ ಹೇಳಿದ್ರು. ಅವರು ಸುಳ್ಳು ಹೇಳ್ತಿದ್ರು ಅಂತ ಯಾರೂ ತಿಳ್ಕೊಬೇಡಿ, ಅಂದಾಜು ಅನ್ನೋದೇ ಹಾಗೆ. ತೂಕ ಇಳಿಸೋರನ್ನ ನೋಡಿ ನೀನು ಕದ್ದು ತಿಂತೀಯ ಅಂತ ಹೇಳೋರ ಮೇಲೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ಸ್ಕೇಲ್ ಇಲ್ದೆ ಯಾರ ಕಣ್ಣಿಗೂ 12 ಗ್ರಾಂ ಎಣ್ಣೆಗೂ 20 ಗ್ರಾಂ ಎಣ್ಣೆಗೂ ವ್ಯತ್ಯಾಸ ಕಾಣಲ್ಲ.

ಎಲ್ಲಿ ಸೋರ್ತಿತ್ತು ಅಂದ್ರೆ, ಮೊದಲನೇದು ಎಣ್ಣೆನೇ. ಗ್ರಾಂಗೆ 9 ಕ್ಯಾಲರಿ, ಒಂದು ಟೇಬಲ್ ಸ್ಪೂನ್ ಅಂದ್ರೆ 14 ಗ್ರಾಂ ಹತ್ರ, 120 ಕ್ಯಾಲರಿ. ಇದಕ್ಕೆ ಸುಲಭದ ದಾರಿ ಏನಂದ್ರೆ ಎಣ್ಣೆ ಬಾಟಲನ್ನೇ ಸ್ಕೇಲ್ ಮೇಲಿಟ್ಟು ಟೇರ್ ಬಟನ್ ಒತ್ತಿ ಸೊನ್ನೆ ಮಾಡ್ಕೊಳಿ, ಬೇಕಾದಷ್ಟು ಸುರಿದು ಬಾಟಲ್ ವಾಪಸ್ ಇಡಿ, ಮೈನಸ್ ಎಷ್ಟು ತೋರ್ಸುತ್ತೋ ಅಷ್ಟು ಗ್ರಾಂ ಬಳಸಿದೀರ ಅಂತ. ಸ್ಪೂನ್ ತೊಳೆಯೋ ಕೆಲ್ಸನೂ ಇಲ್ಲ. ಬೆಣ್ಣೆ, ನಟ್ಸು, ಕಡ್ಲೆಕಾಯಿ ಬೆಣ್ಣೆ ಡಬ್ಬ ಎಲ್ಲಕ್ಕೂ ಇದೇ. ನಟ್ಸ್ ನೂರು ಗ್ರಾಂಗೆ 600 ಕ್ಯಾಲರಿ ಆಸುಪಾಸು ಇರೋದ್ರಿಂದ ಒಂದು ಹಿಡಿಗೂ ಇನ್ನೊಂದು ಹಿಡಿಗೂ ನಡುವೆನೇ ಆರಾಮಾಗಿ 60 70 ಕ್ಯಾಲರಿ ಹೋಗುತ್ತೆ.

ಎರಡನೇದು ಬೇಯಿಸಿದ್ದು ಬೇಯಿಸದೇ ಇರೋದು. ಹಸಿ ಅಕ್ಕಿ ನೂರು ಗ್ರಾಂಗೆ ಸುಮಾರು 350 ಕ್ಯಾಲರಿ, ಬೇಯಿಸಿದ ಅನ್ನ 130 ಆಸುಪಾಸು, ಯಾಕಂದ್ರೆ ನೀರು ಸೇರಿರುತ್ತೆ. ಆ್ಯಪಲ್ಲಿ ಯಾವ ಎಂಟ್ರಿ ಆರಿಸ್ತೀರ ಅನ್ನೋದು ತುಂಬಾ ಮುಖ್ಯ. ಮನೇಲಿ ಎಲ್ಲರಿಗೂ ಸೇರಿಸಿ ಒಂದೇ ಪಾತ್ರೇಲಿ ಮಾಡೋವಾಗ ನಾನು ಖಾಲಿ ಪಾತ್ರೆ ತೂಕ ಬರೆದಿಟ್ಕೊಂಡಿದೀನಿ, ಹಾಕೋ ಸಾಮಾನನ್ನೆಲ್ಲ ಹಸಿಯಾಗೇ ತೂಗಿ ಒಟ್ಟು ಕ್ಯಾಲರಿ ತೆಗೀತೀನಿ, ಬೆಂದ್ಮೇಲೆ ಪಾತ್ರೆ ಸಮೇತ ತೂಗಿ ಪಾತ್ರೆ ತೂಕ ಕಳೆದ್ರೆ ಅಡುಗೆ ತೂಕ ಬರುತ್ತೆ, ಅಲ್ಲಿಂದ ನೂರು ಗ್ರಾಂಗೆ ಎಷ್ಟು ಅಂತ ಸಿಗುತ್ತೆ, ಆಮೇಲೆ ನನ್ನ ತಟ್ಟೇಗೆ ಹಾಕ್ಕೊಂಡಿದ್ದನ್ನ ತೂಗಿದ್ರೆ ಆಯ್ತು. ಮೊದಮೊದಲು ಕಿರಿಕಿರಿ, ಆದ್ರೆ ದಿನಾ ಮಾಡೋ ಅಡುಗೆಗಳು ಹತ್ತು ಹನ್ನೆರಡೇ ಇರೋದ್ರಿಂದ ಒಂದ್ಸಲ ರೆಸಿಪಿ ಸೇವ್ ಮಾಡ್ಕೊಂಡ್ರೆ ಆಮೇಲೆ ನಿಮಿಷದ ಕೆಲ್ಸ.

ಆ್ಯಪಿನ ಎಂಟ್ರಿಗಳೂ ಅಷ್ಟೇ, ತುಂಬಾ ಎಂಟ್ರಿಗಳನ್ನ ಬಳಸೋ ಜನರೇ ಹಾಕಿರ್ತಾರೆ. ಚೆಕ್ ಮಾಡೋಕೆ ಒಂದು ಲೆಕ್ಕ: ಪ್ರೋಟೀನ್ ಗ್ರಾಂ ಇಂಟು 4, ಕಾರ್ಬ್ಸ್ ಇಂಟು 4, ಫ್ಯಾಟ್ ಇಂಟು 9, ಮೂರನ್ನೂ ಕೂಡಿದ್ರೆ ಅಲ್ಲಿರೋ ಕ್ಯಾಲರಿಗೆ ಹತ್ತಿರ ಬರಬೇಕು. ಫೈಬರ್ ಜಾಸ್ತಿ ಇರೋದ್ರಲ್ಲಿ ಸ್ವಲ್ಪ ಆಚೀಚೆ ಆಗುತ್ತೆ, ಆದ್ರೆ 200 ಬರಬೇಕಾದ ಕಡೆ 110 ಇದ್ರೆ ಆ ಎಂಟ್ರಿ ಬಿಟ್ಟಾಕಿ.

ಇನ್ನೊಂದು ಮಾಡಿದ್ದು, ವಾಚ್ ತೋರ್ಸೋ ವರ್ಕೌಟ್ ಕ್ಯಾಲರಿನ ಊಟದ ಲೆಕ್ಕಕ್ಕೆ ವಾಪಸ್ ಸೇರ್ಸೋ ಸೆಟ್ಟಿಂಗ್ ಆಫ್ ಮಾಡಿದೆ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಕೈಗೆ ಕಟ್ಟೋ ಏಳು ಡಿವೈಸ್ ಟೆಸ್ಟ್ ಮಾಡಿದಾಗ ಹಾರ್ಟ್ ರೇಟ್ ಬಹುಪಾಲು ಚೆನ್ನಾಗೇ ಬಂತು, ಆದ್ರೆ ಕ್ಯಾಲರಿ ವಿಷಯದಲ್ಲಿ ಇದ್ದಿದ್ರಲ್ಲೇ ಒಳ್ಳೇದು ಕೂಡ ಆವರೇಜ್ 27% ತಪ್ಪು ತೋರ್ಸ್ತು. ಸ್ಟೆಪ್ಸ್‌ಗೆ ಮಾತ್ರ ವಾಚ್ ನೋಡ್ತೀನಿ.

ಈಗ ಖರ್ಚಿನ ಕಡೆ ಬರೋಣ. 12 ಕೆಜಿ ಇಳಿದ ದೇಹಕ್ಕೆ ಮೊದಲಿನಷ್ಟು ಬೇಕಾಗಲ್ಲ ಅನ್ನೋದು ಎಲ್ರಿಗೂ ಗೊತ್ತು, ಎಷ್ಟು ಅಂತ ಕೂತು ಹಾಕಿದವರು ಕಮ್ಮಿ. ಸುಮ್ನೆ ಮಲಗಿದ್ರೂ ದೇಹಕ್ಕೆ ಎಷ್ಟು ಕ್ಯಾಲರಿ ಬೇಕು ಅಂತ ಹೇಳೋ 1990ರ ಮಿಫ್ಲಿನ್ ಸೇಂಟ್ ಜೋರ್ ಫಾರ್ಮುಲಾದಲ್ಲಿ ಒಂದು ಕೆಜಿಗೆ 10 ಕ್ಯಾಲರಿ, ಅಂದ್ರೆ 12 ಕೆಜಿಗೆ ದಿನಕ್ಕೆ 120, ಓಡಾಟಕ್ಕೆ ಅಂತ 1.3ರಿಂದ ಗುಣಿಸಿದ್ರೆ 156. ಶುರುವಲ್ಲಿ ನನ್ನ ಮೆಂಟೆನೆನ್ಸ್ (ತೂಕ ಏರದೆ ಇಳಿಯದೆ ಇರೋಕೆ ಬೇಕಾದ ಕ್ಯಾಲರಿ) 2300 ಚಿಲ್ರೆ, 500 ಡೆಫಿಸಿಟ್ (ಅದಕ್ಕಿಂತ ಕಮ್ಮಿ ತಿಂದಿದ್ದು) ಇತ್ತು, ಅದು ಕಾಗದದ ಮೇಲೇ 350 ಹತ್ರಕ್ಕೆ ಇಳಿದಿತ್ತು. ಇದರ ಮೇಲೆ ದೇಹ ತಾನಾಗೇ ಖರ್ಚು ಹಿಡಿಯುತ್ತೆ. 1995ರಲ್ಲಿ ರಾಕ್‌ಫೆಲ್ಲರ್ ಯೂನಿವರ್ಸಿಟಿಯ ಲೈಬೆಲ್ ತಂಡ ತೂಕ 10% ಇಳಿದವರನ್ನ ಅಳೆದು ನೋಡಿದಾಗ, ದೇಹ ಸಣ್ಣದಾಗಿದ್ದಕ್ಕೆ ಎಷ್ಟು ಕಮ್ಮಿ ಆಗಬೇಕಿತ್ತೋ ಅದಕ್ಕಿಂತ ಜಾಸ್ತಿನೇ ಖರ್ಚು ಇಳಿದಿತ್ತು. ಅದರಲ್ಲಿ ದೊಡ್ಡ ಪಾಲು ನಮಗೆ ಗೊತ್ತಾಗ್ದೇ ಕಮ್ಮಿ ಆಗೋ ಓಡಾಟದ್ದು, ಎದ್ದು ನಿಲ್ಲೋದು, ಕೈಕಾಲು ಆಡ್ಸೋದು, ಮೆಟ್ಟಿಲು ಹತ್ತೋ ಬದಲು ಲಿಫ್ಟ್ ಕಡೆ ಹೋಗೋದು. ವಾಚಿನ ಹಿಸ್ಟರಿ ತೆಗೆದು ನೋಡಿದ್ರೆ ನನ್ನ ಸ್ಟೆಪ್ಸ್ ಆವರೇಜ್ 8500 ಇದ್ದಿದ್ದು 5500ಕ್ಕೆ ಬಂದಿತ್ತು. ಮೂರು ಸಾವಿರ ಸ್ಟೆಪ್ಸ್ ಅಂದ್ರೆ ಸುಮಾರು ಎರಡು ಕಿಲೋಮೀಟರ್, ನನ್ನ ತೂಕಕ್ಕೆ ನೂರು ಕ್ಯಾಲರಿ ಹತ್ರ.

ಈಗ ಎಲ್ಲ ಕೂಡಿ ನೋಡಿ. ದೇಹ ಸಣ್ಣದಾಗಿದ್ದಕ್ಕೆ 150, ನಡಿಗೆ ಕಮ್ಮಿ ಆಗಿದ್ದಕ್ಕೆ 100, ಅಂದಾಜಲ್ಲಿ ಸೋರಿದ್ದು 180. ಹನಿ ಹನಿ ಗೂಡಿದರೆ ಹಳ್ಳ ಅಂತಾರಲ್ಲ, 500 ಡೆಫಿಸಿಟ್ ಹೋಗಿ 70 ಉಳಿದಿತ್ತು ಅಷ್ಟೇ. ಯಾವುದೇ ನಿಗೂಢ ಇಲ್ಲ. ಮೆಟಬಾಲಿಸಂ ಸತ್ತೋಗಿದೆ, ಕಮ್ಮಿ ತಿಂದಿದ್ದಕ್ಕೆ ದೇಹ ಕೊಬ್ಬು ಕರಗ್ಸೋದೇ ನಿಲ್ಲಿಸಿ ಸ್ಟಾರ್ವೇಶನ್ ಮೋಡ್‌ಗೆ ಹೋಗಿದೆ ಅಂತ ಹೆದರ್ಸೋರ ಮಾತು ಕೇಳ್ಬೇಡಿ. ಖರ್ಚು ಇಳಿಯುತ್ತೆ ನಿಜ, ಆದ್ರೆ ತೂಕ ಇಳಿಯೋದೇ ನಿಂತುಬಿಡೋ ಮಟ್ಟಕ್ಕಲ್ಲ. 1944-45ರ ಅಮೆರಿಕದ ಮಿನೆಸೋಟಾ ಪ್ರಯೋಗದಲ್ಲಿ ಆ್ಯನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಗಂಡಸರನ್ನ 24 ವಾರ ಅರೆಹೊಟ್ಟೆಯಲ್ಲಿ ಇಟ್ಟಾಗ ಮೆಟಬಾಲಿಸಂ ಇಳೀತು, ಮೈಯಲ್ಲಿ ನೀರು ತುಂಬಿ ಊತ ಬಂತು, ಆದ್ರೂ ಅವರು ಸುಮಾರು ಕಾಲು ಭಾಗ ತೂಕ ಕಳ್ಕೊಂಡ್ರು.

ಮೆಂಟೆನೆನ್ಸ್ ಎಷ್ಟು ಅಂತ ನಾನು ಫಾರ್ಮುಲಾ ಬಿಟ್ಟು ನನ್ನ ಲಾಗಿಂದನೇ ತೆಗೆದೆ, ಇದನ್ನ ಎಲ್ರೂ ಮಾಡ್ಬೇಕು ಅನ್ನೋದು ನನ್ನ ಆಸೆ. ಆ ನಾಲ್ಕು ವಾರ ತಿಂದಿದ್ದು ಅದೇ ಊಟ, ಗ್ರಾಂ ಲೆಕ್ಕದಲ್ಲಿ ದಿನಕ್ಕೆ 1980. ಇಳಿದಿದ್ದು 0.25 ಕೆಜಿ. ಒಂದು ಕೆಜಿ ಕೊಬ್ಬಿಗೆ 7700 ಕ್ಯಾಲರಿ ಅಂತ ಹಿಡಿದ್ರೆ 0.25ಕ್ಕೆ 1925, ಅದನ್ನ 28 ದಿನಕ್ಕೆ ಭಾಗಿಸಿದ್ರೆ 69. 1980ಕ್ಕೆ ಸೇರಿಸಿದ್ರೆ 2050 ಹತ್ರ, ಇದೇ ನನ್ನ ಮೆಂಟೆನೆನ್ಸ್. ಆ್ಯಪ್ ಇನ್ನೂ 2170 ಅಂತಿತ್ತು. ಇದರಲ್ಲಿ ದೊಡ್ಡ ಅನುಕೂಲ ಏನು ಗೊತ್ತಾ, ಪ್ಯಾಕೆಟ್ ಲೇಬಲ್ ಸ್ವಲ್ಪ ತಪ್ಪಿದ್ರೂ, ಸ್ಕೇಲ್ ಎರಡು ಗ್ರಾಂ ಆಚೀಚೆ ಇದ್ರೂ, ಪ್ರತಿದಿನ ಒಂದೇ ಥರ ತಪ್ಪಿದ್ರೆ ಆ ತಪ್ಪು ಮೆಂಟೆನೆನ್ಸ್ ನಂಬರಲ್ಲೂ ಮುಂದೆ ಬರೆಯೋ ಲಾಗಲ್ಲೂ ಎರಡೂ ಕಡೆ ಇರೋದ್ರಿಂದ ಕಳೆದುಹೋಗುತ್ತೆ. ಒಂದೇ ವಿಧಾನದಲ್ಲಿ ಬರೀತಾ ಹೋಗೋದು ಕರೆಕ್ಟಾಗಿ ಬರೆಯೋದಕ್ಕಿಂತ ದೊಡ್ಡದು.

ನಂಬರ್ ಸಿಕ್ಕಿದ್ಮೇಲೆ ತಕ್ಷಣ ಕಮ್ಮಿ ಮಾಡಲಿಲ್ಲ. ತಿಂಗಳುಗಟ್ಟಲೆ ಡೆಫಿಸಿಟಲ್ಲಿದ್ದು ನಿದ್ದೆ ಹಗುರ ಆಗಿತ್ತು, ಹಸಿವು ಜಾಸ್ತಿ ಆಗಿತ್ತು, ಹಾಗಾಗಿ ಎರಡು ವಾರ 2050ರಲ್ಲೇ ತಿಂದೆ. ಆಸ್ಟ್ರೇಲಿಯಾದ ಮ್ಯಾಟಡಾರ್ ಅನ್ನೋ ಸ್ಟಡೀಲಿ ಎರಡು ವಾರ ಡಯಟ್ ಎರಡು ವಾರ ಬ್ರೇಕ್ ಮಾಡಿದ ಗಂಡಸರು ಒಂದೇ ಸಮನೆ ಡಯಟ್ ಮಾಡಿದವರಿಗಿಂತ ಜಾಸ್ತಿ ಇಳಿದಿದ್ರು, ಎಲ್ಲಾ ಸ್ಟಡೀಲೂ ಹಾಗೇ ಬಂದಿಲ್ಲ, ನಾನಂತೂ ಕೊಬ್ಬು ಬೇಗ ಕರಗಲಿ ಅಂತ ಮಾಡಿದ್ದಲ್ಲ, ಮನಸ್ಸಿಗೂ ನಿದ್ದೆಗೂ ಬೇಕಿತ್ತು. ಮೊದಲ ವಾರ 800 ಗ್ರಾಂ ಏರ್ತು, ನೀರು ಅಂತ ಗೊತ್ತಿದ್ರಿಂದ ಗಾಬರಿ ಆಗಲಿಲ್ಲ.

ಆಮೇಲೆ 1750ಕ್ಕೆ ಇಳಿಸಿದೆ, ಈ ಸಲ ತೂಗಿ ಬರೆದ 1750. ಸ್ಟೆಪ್ಸ್ ವಾಪಸ್ 8500, ಊಟ ಆದ್ಮೇಲೆ ಹದಿನೈದು ನಿಮಿಷದ ನಡಿಗೆ ಮೂರು ಹೊತ್ತೂ ಸೇರಿಸ್ಕೊಂಡ್ರೆ ಸಾಕಾಗ್ತಿತ್ತು. ಪ್ರೋಟೀನ್ 120 ಗ್ರಾಂ, ಅದು ಹಸಿವು ತಡೆಯುತ್ತೆ, ಮಸಲ್ ಉಳಿಸುತ್ತೆ, ಜೀರ್ಣ ಮಾಡೋಕೇ ಅದರ ಕ್ಯಾಲರಿಯ 20 ರಿಂದ 30% ಖರ್ಚಾಗುತ್ತೆ. ವಾರಕ್ಕೆ ಮೂರು ದಿನ ವೇಟ್ಸ್ ಮೊದಲಿಂದನೂ ಇತ್ತು, ಅದನ್ನ ಮುಟ್ಟಲಿಲ್ಲ. ಡೆಫಿಸಿಟ್ 300 ಊಟದಿಂದ, 100 ನಡಿಗೆಯಿಂದ. ಲೆಕ್ಕದ ಪ್ರಕಾರ ವಾರಕ್ಕೆ 350 ಗ್ರಾಂ ಇಳೀಬೇಕು. ಮೊದಲೆರಡು ವಾರ ಏನೂ ಕಾಣಲಿಲ್ಲ, ಆಮೇಲೆ ಆವರೇಜ್ ಒಂದೇ ಸಲ ಕೆಳಗೆ ಬಂತು, ಅಲ್ಲಿಂದ ಮುಂದೆ 300 400 ಗ್ರಾಂ ಅಂತ ಇಳೀತಾ ಹೋಯ್ತು. ಈಗ 74.

ಎರಡು ವಿಷಯ ಹೇಳ್ಬೇಕು. ಸರಿಯಾಗಿ ತೂಗಿ ಬರೆದ್ರೂ ನಿಮ್ಮ ಮೆಂಟೆನೆನ್ಸ್ ಫಾರ್ಮುಲಾಗಿಂತ ತುಂಬಾನೇ ಕೆಳಗೆ ಬಂದ್ರೆ, ಜೊತೆಗೆ ಸುಸ್ತು, ಚಳಿ ತಡೆಯೋಕಾಗ್ದೇ ಇರೋದು, ಕೂದಲು ಉದುರೋದು, ಪೀರಿಯಡ್ಸ್ ಏರುಪೇರು ಇದ್ರೆ ಡಾಕ್ಟರ್ ಹತ್ರ ಹೋಗಿ ಥೈರಾಯ್ಡ್ ಟೆಸ್ಟ್ ಮಾಡಿಸಿ, ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಡಿಪ್ರೆಶನ್ ಮಾತ್ರೆಗಳಿಂದಲೂ ತೂಕ ಏರುತ್ತೆ, ಅದನ್ನ ಲಾಗಿಂಗಿಂದ ಸರಿ ಮಾಡೋಕಾಗಲ್ಲ, ಮಾತ್ರೆ ನೀವೇ ನಿಲ್ಲಿಸ್ಲೂಬೇಡಿ. ಇನ್ನೊಂದು, ತೂಗದೇ ಇರೋದನ್ನ ತಿನ್ನೋಕೆ ಭಯ ಆಗೋಕೆ ಶುರು ಆದ್ರೆ, ಬೇರೆಯವರ ಮನೇಲಿ ಊಟಕ್ಕೆ ಕೂರೋಕೆ ಆಗ್ತಿಲ್ಲ ಅಂದ್ರೆ ಸ್ಕೇಲ್ ಪಕ್ಕಕ್ಕಿಡಿ, ಪ್ಲೇಟೋಗಿಂತ ಅದು ದೊಡ್ಡ ವಿಷಯ, ಅದಕ್ಕೂ ಸಹಾಯ ತಗೋಬಹುದು.

ನಾನೀಗ ದಿನಾ ಎಲ್ಲವನ್ನೂ ತೂಗಲ್ಲ. ಎಣ್ಣೆ, ನಟ್ಸ್, ಅನ್ನ ಮಾತ್ರ ತೂಗ್ತೀನಿ, ತರಕಾರಿ ಹಣ್ಣೆಲ್ಲ ಅಂದಾಜೇ. ನಾಲ್ಕೈದು ಕೆಜಿ ಇಳಿದಾಗೊಮ್ಮೆ ಒಂದು ವಾರ ಪೂರ್ತಿ ಗ್ರಾಂ ಲೆಕ್ಕ ಮಾಡಿ, ಹಿಂದಿನ ನಾಲ್ಕು ವಾರದ ಲಾಗಿಂದ ಮೆಂಟೆನೆನ್ಸ್ ಮತ್ತೆ ತೆಗೀತೀನಿ, ಹೊಸ ನಂಬರ್‌ಗೆ ತಕ್ಕಂತೆ ಟಾರ್ಗೆಟ್ 50 ಕ್ಯಾಲರಿ ಇಳಿಸಬೇಕಾ ಇಲ್ಲಾ ನಡಿಗೆ ಜಾಸ್ತಿ ಮಾಡಬೇಕಾ ಅಂತ ಆಗ ನೋಡ್ತೀನಿ. ಇಲ್ಲೀತನಕ ಎರಡು ಸಲನೂ ನಡಿಗೆನೇ ಆರಿಸ್ಕೊಂಡೆ.